ಮೊಟ್ಟೆಚಿಪ್ಪು ಹೊತ್ತ ದೇವಗಣಗಿಲೆ

ಇಟಲಿಯ ಸಿಸಿಲಿ ದ್ವೀಪದ ಪಲೆರ್ಮೊಗೆ ಬಂದಿಳಿದ ಮರುದಿನ ಬೆಳಿಗ್ಗೆ ಮಗಳ ಮನೆಯ ಕಿಟಕಿ ತೆಗೆದೆ. ಬೀದಿ ಎಷ್ಟು ಕಿರಿದೆಂದರೆ ಎದುರುಮನೆಯ ಬಾಲ್ಕನಿ ಕೈಗೆ ಸಿಗುವಷ್ಟು ಹತ್ತಿರ. ಅಲ್ಲಿ ನಾಲ್ಕು ಕುಂಡಗಳಿದ್ದವು. ನಾಲ್ಕರಲ್ಲೂ ಎಲೆಯೇ ಇಲ್ಲದ, ಬೂದಿ ಬಣ್ಣದ ಬೋಳು ಗಿಡ. ಬೆರಳಿನಷ್ಟು ದಪ್ಪದ ಮೊಂಡು ಕೊಂಬೆಗಳು. ಪ್ರತಿ ಕೊಂಬೆಯ ತುದಿಗೂ ಒಂದೊಂದು ಮೊಟ್ಟೆಚಿಪ್ಪು ಕವುಚಿ ಹಾಕಿದ್ದರು. ಕೆಲವು ಬಿಳಿ, ಕೆಲವು ಕಂದು.

ದೃಷ್ಟಿಗೆ ಅಂತ ಅಂದುಕೊಂಡೆ. ನಮ್ಮಲ್ಲಿ ಹೊಸ ಮನೆಗೆ ಬೂದುಗುಂಬಳ ಕಟ್ಟುತ್ತೇವಲ್ಲ, ಹಾಗೆ.

"ದೃಷ್ಟಿಗಲ್ಲಮ್ಮಾ, ಚಳಿಗೆ. ಅದು ಯಾವ ಗಿಡ ಅಂತ ಸರಿಯಾಗಿ ನೋಡು" ಅಂದಳು ಮಗಳು.

ನೋಡಿದೆ. ಕೊಂಬೆಯ ಮೇಲೆ ಉದುರಿದ ಎಲೆಗಳ ಗುರುತು, ಸಾಲಾಗಿ. ಆ ಗುರುತು ನನಗೆ ಚೆನ್ನಾಗಿ ಗೊತ್ತು. ದೇವಗಣಗಿಲೆ! ಬೆಂಗಳೂರಿನಲ್ಲಿ ನಮ್ಮ ಬೀದಿಯ ಕೊನೆಯ ದೇವಸ್ಥಾನದ ಕಾಂಪೌಂಡಿನಲ್ಲಿ ನಿಂತಿರುವ ಅದೇ ಮರ. ಕೊಂಬೆ ಮುರಿದರೆ ಹಾಲು ಸುರಿಯುತ್ತದೆ. ಹೂವು ಬಿಳಿ, ನಡುವೆ ಹಳದಿ.

ಇಲ್ಲಿ ಅದಕ್ಕೆ ಪೊಮೇಲಿಯಾ ಅಂತಾರೆ. ಪಲೆರ್ಮೊ ಊರಿನ ಹೂವೇ ಅದು. ಚಳಿಗಾಲದಲ್ಲಿ ಚಿಗುರಿನ ಕಣ್ಣು ಸತ್ತುಹೋಗಬಾರದು ಅಂತ ಮನೆಯ ಹೆಂಗಸರು ಚಿಪ್ಪು ಮುಚ್ಚಿಡುತ್ತಾರೆ. ಎಷ್ಟೋ ತಲೆಮಾರಿನಿಂದ ನಡೆದುಬಂದ ಪದ್ಧತಿ. ನಮ್ಮನೆಯಲ್ಲಿ ಮೊಟ್ಟೆಚಿಪ್ಪು ಪುಡಿಯಾಗಿ ಗುಲಾಬಿ ಗಿಡದ ಬುಡ ಸೇರುತ್ತದೆ. ಇಲ್ಲಿ ಅದು ಗಿಡದ ತಲೆ ಸೇರುತ್ತದೆ.

ಮಗಳು ಓದಿಗೆಂದು ಈ ಊರಿಗೆ ಬಂದು ಎಂಟು ತಿಂಗಳಾಗಿತ್ತು. ನಾನು ಹೋದದ್ದು ಫೆಬ್ರವರಿ ಕೊನೆಯಲ್ಲಿ, ಮೂರು ವಾರಕ್ಕೆ. ಇಟಲಿ ಅಂದಮೇಲೆ ರೋಮ್, ವೆನಿಸ್ ನೋಡಬೇಕು ಅಂತ ಎಲ್ಲರೂ ಹೇಳಿದ್ದರು. ಆ ಚಿಪ್ಪುಗಳನ್ನು ನೋಡಿದ ಮೇಲೆ ನನಗೆ ಬೇರೆ ಊರೇ ಬೇಡ ಅನ್ನಿಸಿತು. ಮೂರು ವಾರವೂ ಇಲ್ಲಿನ ತೋಟಗಳನ್ನೇ ಸುತ್ತಿದೆ. ಹಗಲಲ್ಲಿ ಮಗಳು ತರಗತಿಗೆ ಹೋಗುತ್ತಿದ್ದಳು, ಹಾಗಾಗಿ ಬಹಳಷ್ಟು ಕಡೆ ಒಬ್ಬಳೇ ಹೋದೆ.

ಅವಳ ಮನೆ ಇರುವುದು ಕಾಲ್ಸಾ ಅನ್ನುವ ಹಳೇ ಪೇಟೆಯಲ್ಲಿ. ಹೆಸರು ಅರಬ್ಬರು ಈ ದ್ವೀಪ ಆಳಿದ ಕಾಲದ್ದು. ಅಲ್ಲಿಂದ ಸ್ವಲ್ಪ ನಡೆದರೆ ಪಿಯಾತ್ಸಾ ಮರೀನಾ ಚೌಕ. ಚೌಕದ ನಡುವೆ ಕಬ್ಬಿಣದ ಬೇಲಿ ಹಾಕಿದ ಗ್ಯಾರಿಬಾಲ್ಡಿ ಪಾರ್ಕ್. ಇಟಲಿಯನ್ನು ಒಂದುಗೂಡಿಸಲು ಹೋರಾಡಿದ ಸೇನಾನಿ ಗ್ಯಾರಿಬಾಲ್ಡಿ 1860ರಲ್ಲಿ ಸಿಸಿಲಿಯನ್ನು ಗೆದ್ದ ಮೇಲೆ ಅವನ ಹೆಸರಲ್ಲಿ ಮಾಡಿದ್ದು. ವಿನ್ಯಾಸ ಮಾಡಿದವರು ಬಾಸಿಲೆ ಅನ್ನುವ ವಾಸ್ತುಶಿಲ್ಪಿ. ಈ ಊರಿನ ದೊಡ್ಡ ಒಪೆರಾ ಮಂದಿರ ತೆಯಾತ್ರೊ ಮಾಸ್ಸಿಮೊವನ್ನು ಯೋಜಿಸಿದವರೂ ಅವರೇ.

ಬೇಲಿಯ ಹೊರಗೆ ನಿಂತಾಗ ಇದೊಂದು ಸಣ್ಣ ಕಾಡು ಅಂದುಕೊಂಡೆ. ಒಳಗೆ ಹೋಗಿ ನೋಡಿದರೆ ಅದರ ಬಹುಪಾಲು ಒಂದೇ ಮರ! ಆಲದ ಜಾತಿಯದೇ, ಆಸ್ಟ್ರೇಲಿಯಾ ಕಡೆಯದು. ಎಲೆ ನಮ್ಮ ಆಲದ ಎಲೆಗಿಂತ ದೊಡ್ಡದು, ಹಲಸಿನ ಎಲೆಯ ಹಾಗೆ ಹೊಳಪು. ಕೊಂಬೆಗಳಿಂದ ಬಿಳಲು ಇಳಿದು, ನೆಲ ಮುಟ್ಟಿ, ಕಂಬವಾಗಿ ನಿಂತಿವೆ. ಬುಡದ ಬೇರುಗಳು ಮಾತ್ರ ನಮ್ಮ ಆಲಕ್ಕಿಂತ ಬೇರೆ ಥರ. ಎದೆಮಟ್ಟದ ಗೋಡೆಗಳ ಹಾಗೆ ಎದ್ದು, ಅಂಕುಡೊಂಕಾಗಿ ಹರಿದು ಹೋಗಿವೆ. ಎರಡು ಬೇರುಗಳ ನಡುವೆ ಒಬ್ಬ ಮನುಷ್ಯ ಮಲಗಬಹುದು. ಕೇತೋಹಳ್ಳಿಯ ದೊಡ್ಡ ಆಲದ ಮರದಡಿ ನಿಂತಾಗ ಆಗುವ ತಂಪು ಇಲ್ಲೂ ಆಯಿತು. ಎಲೆ ಕೊಳೆತ ಮಣ್ಣಿನ ವಾಸನೆಯೂ ಅದೇ.

ಬೇರಿನ ಮೇಲೆ ಕೈಯಿಟ್ಟೆ. ಆನೆಯ ಚರ್ಮದ ಹಾಗೆ ಒರಟು, ಆದರೆ ಬೆಚ್ಚಗಿತ್ತು. ಪಕ್ಕದ ಬೆಂಚಿನ ಮೇಲೆ ಇಬ್ಬರು ಮುದುಕರು ಜೋರಾಗಿ ವಾದ ಮಾಡುತ್ತಿದ್ದರು. ಒಂದು ಮಗು ಉದುರಿದ ಹಣ್ಣುಗಳನ್ನು ಒಂದೊಂದಾಗಿ ತುಳಿದು ಸದ್ದು ಕೇಳುತ್ತಿತ್ತು. ಚೌಕದ ಆಚೆ ಬದಿಯಲ್ಲಿ ಸ್ತೇರಿ ಅರಮನೆ. 1782ರವರೆಗೂ ಇನ್ಕ್ವಿಸಿಶನ್ ಎನ್ನುವ ಧರ್ಮವಿಚಾರಣೆಯ ನ್ಯಾಯಾಲಯ ಅಲ್ಲೇ ಇತ್ತು. ಸೆರೆಯಲ್ಲಿದ್ದವರು ಗೋಡೆ ಮೇಲೆ ಬರೆದ ಚಿತ್ರಗಳು ಇವತ್ತಿಗೂ ಇವೆ. ಅದನ್ನು ನೋಡಿ ಹೊರಗೆ ಬಂದ ದಿನ ನಾನು ಸೀದಾ ಈ ಮರದ ಕೆಳಗೆ ಬಂದು ಕೂತೆ. ತುಂಬ ಹೊತ್ತು ಕೂತಿದ್ದೆ.

ಈ ಜಾತಿಯ ಮರ ಊರಿಗೆ ಬಂದದ್ದು ಬೊಟಾನಿಕಲ್ ಗಾರ್ಡನ್ ದಾರಿಯಿಂದ. ಅಲ್ಲಿರುವ ಹಳೆಯ ಮರವನ್ನು 1845ರಲ್ಲಿ ತಂದು ನೆಟ್ಟರು. ಅದನ್ನು ನೋಡದೆ ಇರಲು ಸಾಧ್ಯವೇ? ಮಗಳಿಗೆ ರಜೆ ಇದ್ದ ದಿನ ಇಬ್ಬರೂ ಹೋದೆವು.

ಆ ತೋಟದ ಬಗ್ಗೆ ನಾನು ಎಷ್ಟು ಬರೆದರೂ ಕಡಿಮೆಯೇ. ಇಪ್ಪತ್ತೆರಡು ವರ್ಷದಿಂದ ಬೆಳಗಿನ ವಾಕಿಂಗ್ ನನಗೆ ಲಾಲ್‌ಬಾಗಿನಲ್ಲೇ. ಹೈದರಾಲಿ ಲಾಲ್‌ಬಾಗ್ ಶುರು ಮಾಡಿದ್ದು 1760ರಲ್ಲಿ. ಇಲ್ಲಿನ ತೋಟದ ಕೆಲಸ ಶುರುವಾದದ್ದು 1789ರಲ್ಲಿ, ಬಾಗಿಲು ತೆರೆದದ್ದು 1795ರಲ್ಲಿ. ಹೆಚ್ಚುಕಮ್ಮಿ ಒಂದೇ ಕಾಲದ ತೋಟಗಳು. ಈಗಲೂ ಇದು ಪಲೆರ್ಮೊ ವಿಶ್ವವಿದ್ಯಾಲಯದ್ದು. ಹಾಗಾಗಿ ಇದು ಸುಮ್ನೆ ಅಡ್ಡಾಡುವ ಜಾಗ ಮಾತ್ರ ಅಲ್ಲ, ಓದುವ ಜಾಗವೂ ಹೌದು. ಹಳೆಯ ಭಾಗದಲ್ಲಿ ಗಿಡಗಳನ್ನು ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಮಾಡಿದ ವರ್ಗೀಕರಣದ ಪ್ರಕಾರವೇ ಸಾಲಾಗಿ ನೆಟ್ಟಿದ್ದಾರೆ.

ಒಂದು ಉದ್ದನೆಯ ದಾರಿ ಇದೆ. ಎರಡೂ ಕಡೆ ಹೊಟ್ಟೆ ಉಬ್ಬಿದ ಮರಗಳು, ಮೈತುಂಬ ದಪ್ಪ ಮುಳ್ಳು. ಇದು ದಕ್ಷಿಣ ಅಮೆರಿಕದ್ದು, ನಮ್ಮ ಬೂರುಗದ ನೆಂಟ. ಲಾಲ್‌ಬಾಗಿನ ಮುದಿ ಬಿಳಿಬೂರುಗವನ್ನು ದಿನಾ ನೋಡುವ ನನಗೆ ಗುರುತು ಹತ್ತಲು ಒಂದು ನಿಮಿಷವೂ ಬೇಕಾಗಲಿಲ್ಲ. ಕಾಯಿ ಒಡೆದು ಅರಳೆ ಹೊರಗೆ ಬಂದಿತ್ತು. ದಾರಿ ಮೇಲೆಲ್ಲ ಹತ್ತಿಯ ಎಳೆ ಹಾರಾಡುತ್ತಿತ್ತು. ನಾನು ಒಂದು ಹಿಡಿ ಆರಿಸಿಕೊಂಡು ಬತ್ತಿಯ ಹಾಗೆ ಹೊಸೆದೆ. ಎಳೆ ನುಣುಪು, ಹೊಸೆತಕ್ಕೆ ನಿಲ್ಲಲಿಲ್ಲ, ಜಾರಿ ಬಿಚ್ಚಿಕೊಂಡಿತು. ನಮ್ಮ ಬೂರುಗದ ಅರಳೆಯೂ ಹಾಗೇ ಅಲ್ವಾ, ದಿಂಬಿಗೆ ಆಗುತ್ತದೆ, ಬತ್ತಿಗೆ ಆಗುವುದಿಲ್ಲ.

ದಾರಿ ಮುಗಿದಲ್ಲಿ ಒಂದು ದುಂಡನೆಯ ದೊಡ್ಡ ಕೊಳ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಕಟ್ಟಿದ್ದು. ಒಂದರೊಳಗೊಂದು ಮೂರು ಸುತ್ತು, ಒಟ್ಟು 24 ಮನೆ. ನೀರಿನ ಗಿಡಗಳಿಗೆ ಬೇರೆ ಬೇರೆ ಆಳ ಬೇಕಲ್ಲ, ಅದಕ್ಕೆ ಹೀಗೆ ಭಾಗ ಮಾಡಿದ್ದಾರೆ. ತಾವರೆಯ ಮನೆಯಲ್ಲಿ ಚಳಿಗೆ ಒಣಗಿದ ದಂಟುಗಳು ಮಾತ್ರ ಇದ್ದವು, ಬಾಗಿ, ನೀರಿಗೆ ತಲೆ ಹಾಕಿಕೊಂಡು. ಬೇಸಿಗೆಯಲ್ಲಿ ಬರಬೇಕಿತ್ತು ಅಂತ ಮಗಳು ಅಂದಳು. ನನಗೆ ಹಾಗೇನೂ ಅನ್ನಿಸಲಿಲ್ಲ. ಹೂವಿಲ್ಲದಾಗಲೇ ಅಲ್ವಾ ತೋಟದ ಎಲುಬು ಕಾಣೋದು?

ಕೊನೆಗೆ ಆ ಹಳೆಯ ಆಲದ ಹತ್ತಿರ ಬಂದೆವು. ಪಿಯಾತ್ಸಾ ಮರೀನಾದ ಮರ ಊರಿನ ಗದ್ದಲದೊಳಗೆ ಬೆಳೆದದ್ದು. ಇದು ಹಾಗಲ್ಲ, ತನ್ನ ಪಾಡಿಗೆ ತಾನು ಹರಡಿಕೊಂಡಿದೆ. ಒಂದು ಬಿಳಲು ಇನ್ನೂ ನೆಲ ಮುಟ್ಟಿರಲಿಲ್ಲ. ನೆಲಕ್ಕೆ ಒಂದು ಗೇಣು ದೂರ, ತುದಿಯಲ್ಲಿ ಹಳದಿ ಬಣ್ಣದ ಎಳೆ ಬೇರು, ಮಗುವಿನ ಬೆರಳಿನ ಹಾಗೆ. ನೂರೆಂಬತ್ತು ವರ್ಷದ ಹಿಂದೆ ಹಡಗಿನಲ್ಲಿ ಬಂದ ಮರ ಇನ್ನೂ ಹೊಸ ಕಾಲು ಊರುತ್ತಲೇ ಇದೆ. ನನಗೆ ಕಣ್ಣು ತುಂಬಿ ಬಂತು. ಮಗಳು ಏನೂ ಕೇಳಲಿಲ್ಲ, ಕೈ ಹಿಡಿದುಕೊಂಡಳು.

ಈ ತೋಟಕ್ಕೆ ಅಂಟಿಕೊಂಡೇ ವಿಲ್ಲಾ ಜೂಲಿಯಾ ಇದೆ. 1777-78ರಲ್ಲಿ ಮಾಡಿದ್ದು, ಪಲೆರ್ಮೊದ ಮೊದಲ ಸಾರ್ವಜನಿಕ ಉದ್ಯಾನ. ಚೌಕಾಕಾರ, ಒಳಗೆ ರಂಗೋಲಿಯ ಗೆರೆಗಳ ಹಾಗೆ ದಾರಿಗಳು, ಎಲ್ಲವೂ ನಡುವಿನ ಕಾರಂಜಿಗೆ ಬಂದು ಸೇರುತ್ತವೆ. ಕಾರಂಜಿಯ ನಡುವೆ ಅಮೃತಶಿಲೆಯ ಮಗುವೊಂದು ಹನ್ನೆರಡು ಮುಖದ ಕಲ್ಲೊಂದನ್ನು ಹೊತ್ತು ನಿಂತಿದೆ. ಆ ಮುಖಗಳ ಮೇಲೆ ನೆರಳು ನೋಡಿ ಹೊತ್ತು ಹೇಳುವ ಗಡಿಯಾರಗಳು. 1787ರ ಏಪ್ರಿಲ್‌ನಲ್ಲಿ ಜರ್ಮನ್ ಕವಿ ಗೊಯಟೆ ಇಲ್ಲಿಗೆ ಬಂದು ಹೋಗುತ್ತಿದ್ದ. ಎಲ್ಲ ಗಿಡಗಳಿಗೂ ಮೂಲವಾದ ಒಂದು ಗಿಡ ಇರಬೇಕು, ಅದು ಇಲ್ಲೇ ಕಣ್ಣಿಗೆ ಬೀಳಬಹುದು ಅಂತ ಹುಡುಕಿದ. ಅವನಿಗೆ ಹಾಗೆ ಅನ್ನಿಸಿದ್ದು ನನಗೆ ಆಶ್ಚರ್ಯವಲ್ಲ. ಚಳಿ ದೇಶದಿಂದ ಬಂದವನು. ಅಲ್ಲಿ ಕುಂಡದಲ್ಲಿ, ಗಾಜಿನ ಮನೆಯೊಳಗೆ ನೋಡಿದ ಗಿಡಗಳೆಲ್ಲ ಇಲ್ಲಿ ಬಯಲಲ್ಲಿ ಮೈಚೆಲ್ಲಿ ಬೆಳೆದದ್ದು ನೋಡಿದರೆ ಯಾರಿಗೆ ತಾನೇ ತಲೆ ತಿರುಗುವುದಿಲ್ಲ!

ಜೀಸಾ ಅರಮನೆಗೂ ಹೋಗಿದ್ದೆ. 1165ರಲ್ಲಿ, ಅರಬ್ಬರ ನಂತರ ಸಿಸಿಲಿಯನ್ನು ಆಳಿದ ನಾರ್ಮನ್ ರಾಜ ಒಂದನೇ ವಿಲಿಯಂ ಕಟ್ಟಲು ಶುರು ಮಾಡಿದ್ದು. ರಾಜ ಕ್ರೈಸ್ತ, ಕಟ್ಟಿದ ರೀತಿ ಪೂರ್ತಿ ಅರಬ್ಬರದ್ದು, ಹೆಸರೂ ಅರಬ್ಬಿಯೇ. ಒಳಗಿನ ಹಜಾರದ ಗೋಡೆಯಿಂದ ನೀರು ಇಳಿದು, ನೆಲದ ಕಾಲುವೆಯಲ್ಲಿ ಹರಿದು, ಹೊರಗಿನ ಕೊಳಕ್ಕೆ ಹೋಗುವಂತೆ ಮಾಡಿದ್ದರು. ಆ ನೀರಿನ ಮೇಲೆ ಹಾಯ್ದ ಗಾಳಿ ಮನೆಯನ್ನೆಲ್ಲ ತಂಪು ಮಾಡುತ್ತಿತ್ತು. ಆಗ ಸುತ್ತ ರಾಜರ ದೊಡ್ಡ ತೋಟವಿತ್ತು. ಅದರ ಹೆಸರು ಜೆನೊಆರ್ದೊ. ಭೂಮಿಯ ಮೇಲಿನ ಸ್ವರ್ಗ ಅಂತ ಅರಬ್ಬಿಯ ಅರ್ಥ. ಈಗ ಎದುರಿಗಿರುವ ಪಾರ್ಕ್ ಇತ್ತೀಚಿನದು. ಸುತ್ತಲೂ ಅಪಾರ್ಟ್‌ಮೆಂಟ್‌ಗಳು.

ಈ ಅಪಾರ್ಟ್‌ಮೆಂಟ್‌ಗಳ ಕಥೆ ಹೇಳಲೇಬೇಕು. ಪಲೆರ್ಮೊ ಸುತ್ತಲಿನ ಬಯಲಿಗೆ ಕೊಂಕಾ ದೊರೊ ಅಂತ ಹೆಸರು, ಅಂದರೆ ಚಿನ್ನದ ಬೋಗುಣಿ. ಬೆಟ್ಟದಿಂದ ಸಮುದ್ರದವರೆಗೆ ನಿಂಬೆ, ಕಿತ್ತಳೆ ತೋಟಗಳೇ ಇದ್ದವು. ಅರಬ್ಬರು ಕಲಿಸಿದ ನೀರಾವರಿ, ಕಲ್ಲಿನ ತೊಟ್ಟಿ, ಅಲ್ಲಿಂದ ಕಾಲುವೆ. ತೊಟ್ಟಿಗೆ ಜೆಬ್ಬಿಯಾ ಅಂತ ಇವತ್ತಿಗೂ ಅರಬ್ಬಿ ಮೂಲದ ಹೆಸರೇ. ಎರಡನೇ ಮಹಾಯುದ್ಧದ ನಂತರ, 1950ರ ದಶಕದಿಂದ, ಮಾಫಿಯಾ ಮತ್ತು ರಾಜಕಾರಣಿಗಳು ಕೈಜೋಡಿಸಿ ಈ ತೋಟಗಳನ್ನು ಕಡಿದು ಕಾಂಕ್ರೀಟ್ ಸುರಿದರು. ಅದನ್ನು ಇಲ್ಲಿನವರು ಪಲೆರ್ಮೊದ ಲೂಟಿ ಅಂತಲೇ ಕರೆಯುತ್ತಾರೆ. ನಾನು ಬೆಂಗಳೂರಿನವಳು. ತೋಟ ಸೈಟಾಗುವುದನ್ನು, ಕೆರೆ ಬಸ್‌ಸ್ಟ್ಯಾಂಡ್ ಆದದ್ದನ್ನು ಕಂಡವಳು. ಈ ಮಾತು ಕೇಳಿ ಹೊಟ್ಟೆಯಲ್ಲಿ ಸಂಕಟವಾಯಿತು.

ಪೂರ್ತಿ ಹೋಗಿಲ್ಲ ಅನ್ನುವುದೇ ಸಮಾಧಾನ. ಬಲ್ಲಾರೊ ಸಂತೆಯಲ್ಲಿ ಎಲೆ ಸಮೇತ ಒಂದು ಕೆಜಿ ಮ್ಯಾಂಡರಿನ್ ಕೊಂಡೆ. ಊರಂಚಿನ ಚಾಕುಲ್ಲಿಯ ತಳಿ. ಬೇರೆಯವು ಮುಗಿದ ಮೇಲೆ ಹಣ್ಣಾಗುತ್ತದೆ, ಬೀಜ ಬಹಳ ಕಡಿಮೆ. ಸಿಪ್ಪೆಗೆ ಉಗುರು ತಾಗಿಸಿದ ಕೂಡಲೇ ಘಮ್ ಅಂತ ಇಡೀ ಅಡುಗೆಮನೆಗೆ ವಾಸನೆ ಹಬ್ಬಿತು. ಚಿಕ್ಕಂದಿನಲ್ಲಿ ಮಡಿಕೇರಿಯ ಅತ್ತೆ ತರುತ್ತಿದ್ದ ಕೊಡಗಿನ ಕಿತ್ತಳೆಯ ನೆನಪಾಯಿತು. ಅದೇ ಸಡಿಲ ಸಿಪ್ಪೆ, ಅದೇ ತೆಳು ತೊಳೆ. ಇವರ ಅರಾಂಚಾ ಅನ್ನುವ ಪದವೂ ನಮ್ಮ ನಾರಂಗಿಯೂ ಒಂದೇ ಬಳ್ಳಿಯ ಕಾಯಿಗಳು. ಅರಬ್ಬರ ಬಾಯಲ್ಲಿ ನಾರಂಜ್ ಆಗಿ ಇಲ್ಲಿಗೆ ಬಂದದ್ದು.

ಹೊರಡುವ ಹಿಂದಿನ ದಿನ ಎದುರುಮನೆಯ ಅಜ್ಜಿ ಬಾಲ್ಕನಿಗೆ ಬಂದರು. ಮೂರು ವಾರ ದಿನಾ ನಕ್ಕು ಕೈಬೀಸಿದ್ದೆವು, ಮಾತಾಡಿರಲಿಲ್ಲ. ನಮ್ಮೂರಿನಲ್ಲಿ ಈ ಗಿಡಕ್ಕೆ ದೇವರ ಹೂವು ಅಂತಾರೆ, ದೇವಸ್ಥಾನದಲ್ಲಿ ಬೆಳೆಸುತ್ತೇವೆ ಅಂತ ಮಗಳ ಕೈಲಿ ಹೇಳಿಸಿದೆ. ಅಜ್ಜಿಗೆ ನಂಬಿಕೆಯಾಗಲಿಲ್ಲ.

"ಪೊಮೇಲಿಯಾ ಪಲೆರ್ಮೊದ್ದು. ನನಗೆ ನಮ್ಮಮ್ಮ ಕೊಟ್ಟದ್ದು, ಅಮ್ಮನಿಗೆ ಅವರಮ್ಮ" ಅಂದರು.

ನಿಜ ಹೇಳಬೇಕೆಂದರೆ ಅದು ಅವರದ್ದೂ ಅಲ್ಲ, ನಮ್ಮದೂ ಅಲ್ಲ. ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆಯ ಗಿಡ. ಅದನ್ನು ಹೇಳೋಣವಾ ಅಂತ ಮಗಳು ನನ್ನ ಮುಖ ನೋಡಿದಳು. ಬೇಡ ಅಂತ ತಲೆಯಾಡಿಸಿದೆ. ಅಮ್ಮನಿಂದ ಮಗಳಿಗೆ ಬಂದ ಗಿಡ ಆ ಮನೆಯದೇ.

ಅಜ್ಜಿ ಒಂದು ಕೊಂಬೆ ಮುರಿದು ಕೊಡಲು ಹೋದರು. ವಿಮಾನದಲ್ಲಿ ಗಿಡ ತರುವಂತಿಲ್ಲ ಅಂತ ಹೇಳಿ ತಡೆದೆವು. ಆಗ ಅವರು ತುದಿಯ ಒಂದು ಚಿಪ್ಪನ್ನು ಮೆಲ್ಲಗೆ ಎತ್ತಿ ತೋರಿಸಿದರು. ಅಡಿಯಲ್ಲಿ ಚಿಗುರಿನ ಕಣ್ಣು, ಹಸಿರು, ಭತ್ತದ ಕಾಳಿನಷ್ಟು. ನೋಡಿ ಮುಗಿಯಿತು ಅಂತ ಗೊತ್ತಾದ ಮೇಲೆ ಚಿಪ್ಪನ್ನು ಅದೇ ಜಾಗಕ್ಕೆ ಇಟ್ಟು, ಬೆರಳಿನಿಂದ ಒಮ್ಮೆ ಒತ್ತಿದರು.

ಮೇ ತಿಂಗಳಲ್ಲಿ ನಮ್ಮ ಬೀದಿಯ ದೇವಸ್ಥಾನದ ಮರ ಮೈತುಂಬ ಹೂ ಬಿಟ್ಟಿತು. ಫೋಟೊ ತೆಗೆದು ಮಗಳಿಗೆ ಕಳಿಸಿದೆ, ಅಜ್ಜಿಗೆ ತೋರಿಸು ಅಂತ. ಸಂಜೆ ಅವಳೂ ಒಂದು ಫೋಟೊ ಕಳಿಸಿದಳು. ನಾಲ್ಕೂ ಕುಂಡದಲ್ಲಿ ಎಲೆ ಬಂದಿದೆ. ಚಿಪ್ಪುಗಳನ್ನೆಲ್ಲ ತೆಗೆದಿದ್ದಾರೆ, ಒಂದು ಮಾತ್ರ ಹೇಗೋ ಉಳಿದುಕೊಂಡಿದೆ. ಅದು ಎಲೆಯ ತುದಿಯ ಮೇಲೆ ವಾರೆಯಾಗಿ ಕೂತಿದೆ.