ಜೀನ್ ಕೆಟ್ಟಿದೆ ಅಂದ್ಮೇಲೆ ಮಕ್ಕಳಿಗೂ ಬರುತ್ತೆ ಅಲ್ವಾ?

ಬಿಸಿಲಿನಿಂದಲೋ ಗಾಯದಿಂದಲೋ ಆಗುವ ಚರ್ಮದ ಕ್ಯಾನ್ಸರ್ ಬಗ್ಗೆ ನನ್ನನ್ನು ಕೇಳುವ ಪ್ರಶ್ನೆ ಇದು. ಇಲ್ಲ, ಬರುವುದಿಲ್ಲ. ಇಷ್ಟು ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು.

ನಾನು ಬ್ರಿಸ್ಬೇನಿನ ಒಂದು ಲ್ಯಾಬಿನಲ್ಲಿದ್ದೇನೆ. ಬಿಸಿಲು ತಿಂದ ಚರ್ಮದ ಮೇಲೆ ಒರಟೊರಟಾಗಿ ಕಲೆಗಳು ಏಳುತ್ತವೆ. ಡಾಕ್ಟರುಗಳು ಅದನ್ನು ಆಕ್ಟಿನಿಕ್ ಕೆರಟೋಸಿಸ್ ಅನ್ನುತ್ತಾರೆ. ಅದರಲ್ಲಿ ಕೆಲವು ಮುಂದೆ ಸ್ಕ್ವೇಮಸ್ ಸೆಲ್ ಕಾರ್ಸಿನೋಮ ಅನ್ನುವ ಕ್ಯಾನ್ಸರ್ ಆಗುತ್ತವೆ. ಹಾಗೆ ತಿರುಗುವಾಗ ಯಾವ ಜೀನ್‌ಗಳ ಕೆಲಸ ಜಾಸ್ತಿಯಾಗುತ್ತದೆ, ಯಾವುದರದ್ದು ನಿಂತುಹೋಗುತ್ತದೆ ಅಂತ ಅಳೆಯುವುದು ನಮ್ಮ ಕೆಲಸ. ಊರಿಗೆ ಬಂದಾಗ ಇಷ್ಟು ಹೇಳಿದರೆ ಸಾಕು, ‘ಜೀನ್’ ಅನ್ನುವುದೊಂದೇ ಕಿವಿಗೆ ಬೀಳುತ್ತದೆ. ‘ಹಾಗಾದ್ರೆ ವಂಶದಲ್ಲಿ ಬರೋದು ಅನ್ನು.’ ಕೇಳುವವರು ಉತ್ತರವನ್ನೂ ಜೊತೆಗೇ ತಂದಿರುತ್ತಾರೆ.

ಒಂದು ನಾಮಕರಣದ ಊಟದಲ್ಲಿ ನಮ್ಮ ದೂರದ ಅತ್ತೆಯೊಬ್ಬರು ಪಕ್ಕದ ಎಲೆಗೆ ಬಂದು ಕೂತರು. ಮಗಳಿಗೆ ಒಂದು ಸಂಬಂಧ ನೋಡಿದ್ದರು. ‘ನೀನು ಅದನ್ನೇ ಅಲ್ವೇನೋ ಓದಿರೋದು? ಹುಡುಗನ ತಾಯಿಗೆ ಕಾಲಲ್ಲಿ ಸ್ಕಿನ್ ಕ್ಯಾನ್ಸರ್ ಆಗಿತ್ತಂತೆ. ನಾಳೆ ನಮ್ಮ ಮೊಮ್ಮಕ್ಕಳಿಗೆ ಬಂದ್ರೆ ಏನಪ್ಪಾ ಮಾಡೋದು?’ ಕಾಲಿಗೆ ಏನಾಗಿತ್ತು ಅಂತ ಕೇಳಿದೆ. ಆಕೆ ಚಿಕ್ಕವರಿದ್ದಾಗ ಬಚ್ಚಲ ಹಂಡೆಯ ಕುದಿನೀರು ಮೀನಖಂಡದ ಮೇಲೆ ಸುರಿದಿತ್ತು. ಗಾಯ ಸರಿಯಾಗಿ ಮಾಯಲೇ ಇಲ್ಲ. ಚರ್ಮ ನುಣ್ಣಗೆ, ಬಿಗಿಯಾಗಿ ಎಳೆದುಕೊಂಡಿತ್ತು. ಪ್ರತಿ ಚಳಿಗಾಲಕ್ಕೂ ಅದೇ ಜಾಗ ಬಿರಿದು ನೀರು ಸೋರುತ್ತಿತ್ತು. ಹಳೇ ಸೀರೆಯ ತುಂಡು ಸುತ್ತಿಕೊಂಡು ಮನೆಗೆಲಸ ಮಾಡುತ್ತಿದ್ದರಂತೆ. ಹತ್ತಾರು ವರ್ಷ ಹಾಗೇ ಕಳೆದ ಮೇಲೆ ಅದರ ಒಂದು ಮೂಲೆಯಲ್ಲಿ ಗಂಟು ಬೆಳೆಯಿತು.

ಇದರಲ್ಲಿ ವಂಶ ಎಲ್ಲಿ ಬಂತು? ಹಂಡೆಯ ನೀರು ವಂಶವೇ? ಹಾಗಂತಲೇ ಕೇಳಿದೆ. ಅತ್ತೆ ಪಾಯಸ ಬಡಿಸುವವರ ಕಡೆ ತಿರುಗಿದರು. ಆ ಸಂಬಂಧ ಮುರಿದುಬಿತ್ತು. ಕಾರಣ ಇದೇ ಅಂತ ಆಮೇಲೆ ಗೊತ್ತಾಯಿತು. ಆವತ್ತಿನಿಂದ ಈ ಪ್ರಶ್ನೆ ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ಜೀನ್ ಅಂದರೆ ಮನೆತನದ ಜಾತಕ ಅಂದುಕೊಂಡಿದ್ದೇವೆ. ಮೈಯ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲೂ ಅವೇ ಜೀನ್‌ಗಳಿವೆ. ಕಣ್ಣು ಕಣ್ಣಾಗಿ, ಚರ್ಮ ಚರ್ಮವಾಗಿ ಇರುವುದು ಯಾವ ಜೀನ್ ಎಲ್ಲಿ, ಎಷ್ಟು ಕೆಲಸ ಮಾಡುತ್ತಿದೆ ಅನ್ನುವುದರಿಂದ. ಗಾಯವಾದಾಗ ಚರ್ಮ ಕೆಲವು ಜೀನ್‌ಗಳನ್ನು ಕೆಲಸಕ್ಕೆ ಎಬ್ಬಿಸುತ್ತದೆ. ಕೆರಟಿನ್ ಅನ್ನುವ ಚರ್ಮದ ಪ್ರೋಟೀನ್ ಮಾಡುವ ಜೀನ್‌ಗಳಲ್ಲಿ 6, 16, 17 ಏಳುತ್ತವೆ. ಎಂಎಂಪಿ1 ಅಂತ ಒಂದಿದೆ, ಅದು ಚರ್ಮದೊಳಗಿನ ಕೊಲಾಜನ್ ನಾರನ್ನು ಕತ್ತರಿಸುವ ಕಿಣ್ವ ಮಾಡುತ್ತದೆ. ಗಾಯದ ಅಂಚಿನ ಕೋಶಗಳು ಮುಂದೆ ಸರಿದು ಗಾಯ ಮುಚ್ಚಲು ಅದು ಬೇಕೇ ಬೇಕು. ಗಾಯ ಮಾಯ್ದ ಮೇಲೆ ಇವೆಲ್ಲ ಸುಮ್ಮನಾಗಬೇಕು. ಮದುವೆಗೆ ಕರೆಸಿದ ಅಡುಗೆಯವರು ಮದುವೆ ಮುಗಿದ ಮೇಲೂ ಹೋಗದೆ ಒಲೆ ಹಚ್ಚಿ ಬೇಯಿಸುತ್ತಲೇ ಇದ್ದರೆ ಹೇಗೆ? ಕ್ಯಾನ್ಸರಿನ ಕಡೆ ಹೊರಟ ಚರ್ಮದಲ್ಲಿ ಆಗುವುದು ಅದು. ಬಿಸಿಲಿನ ಕಲೆಯಲ್ಲೇ ಈ ಕೆರಟಿನ್‌ಗಳು ಏರಿರುತ್ತವೆ. ಚರ್ಮದ ಮೇಲ್ಪದರ ಕಟ್ಟುವ ಲೋರಿಕ್ರಿನ್, ಫಿಲಾಗ್ರಿನ್ ಇಳಿದಿರುತ್ತವೆ. ಕ್ಯಾನ್ಸರಿಗೆ ಬರುವ ಹೊತ್ತಿಗೆ ಎಂಎಂಪಿ1 ಇನ್ನೂ ಜೋರಾಗಿರುತ್ತದೆ.

ಜೀನ್‌ನ ಅಕ್ಷರಗಳೇ ಬದಲಾಗುವುದೂ ಇದೆ, ಒಪ್ಪುತ್ತೇನೆ. ಆದರೆ ಅದರ ಮೇಲೂ ಬಿಸಿಲಿನ ಗುರುತಿದೆ. ಈ ಕ್ಯಾನ್ಸರಿನಲ್ಲಿ ಎಷ್ಟೋ ಸಲ ಪಿ53 ಅನ್ನುವ ಜೀನ್ ಒಡೆದಿರುತ್ತದೆ ಅಂತ 1991ರಲ್ಲೇ ತೋರಿಸಿದರು. ಕೆಲವದರಲ್ಲಿ ಅಕ್ಕಪಕ್ಕದ ಎರಡು ‘ಸಿ’ ಅಕ್ಷರಗಳು ಎರಡು ‘ಟಿ’ಗಳಾಗಿದ್ದವು. ಅದು ನೇರಳಾತೀತ ಕಿರಣದ ಕೈಬರಹ. ಅದು ಬಿದ್ದದ್ದು ಚರ್ಮದ ಮೇಲೆ. ಅಂಡಾಣುವಿಗೂ ವೀರ್ಯಾಣುವಿಗೂ ಅದು ತಲುಪುವುದಿಲ್ಲ. ಮತ್ತೆ ಮಕ್ಕಳಿಗೆ ಹೇಗೆ ಬರುತ್ತದೆ?

ಒಂದೇ ಮನೆಯಲ್ಲಿ ನಾಲ್ಕು ಜನಕ್ಕೆ ಬಂದರೂ ಅದು ವಂಶ ಅಂತ ಕೂಡಲೇ ಹೇಳಬೇಡಿ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಅಂಗೈ, ಅಂಗಾಲುಗಳ ಮೇಲೆ ಗಂಟುಗಂಟಾದ ಚರ್ಮ ಎಷ್ಟೋ ಜನರಲ್ಲಿ ಕಾಣಿಸಿತು. ಕಾರಣ ಕುಡಿಯುವ ನೀರಿನಲ್ಲಿದ್ದ ಆರ್ಸೆನಿಕ್. ಅಂಥ ಗಂಟುಗಳೂ ವರ್ಷಗಳಾದ ಮೇಲೆ ಇದೇ ಕ್ಯಾನ್ಸರ್ ಆಗಬಲ್ಲವು. ಅವರು ಹಂಚಿಕೊಂಡಿದ್ದು ನೀರು.

ನಿಜವಾಗಿ ವಂಶದಲ್ಲಿ ಬರುವುದೂ ಒಂದಿದೆ. ಝೀರೋಡರ್ಮ ಪಿಗ್ಮೆಂಟೋಸಮ್. ಬಿಸಿಲಿನಿಂದಾದ ಹಾನಿಯನ್ನು ಸರಿಮಾಡಿಕೊಳ್ಳಲಾಗದ ಮಕ್ಕಳು ಹುಟ್ಟುತ್ತಾರೆ. ತೀರಾ ಅಪರೂಪ. ಆದರೆ ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದ ಮನೆಗಳಲ್ಲಿ ಜಾಸ್ತಿ. ಸೋದರಮಾವನಿಗೆ ಹೆಣ್ಣು ಕೊಡುವಾಗ ಈ ಪ್ರಶ್ನೆ ಎತ್ತಿ, ಕೂತು ಉತ್ತರ ಹೇಳುತ್ತೇನೆ. ಅಲ್ಲಿ ಯಾರೂ ಎತ್ತುವುದಿಲ್ಲ.

ನನ್ನನ್ನು ಕೇಳಬೇಕಾದದ್ದು ಬೇರೆ. ಒಬ್ಬರ ಬೋಳುತಲೆಯ ಮೇಲೆ ಅಷ್ಟೊಂದು ಕಲೆಗಳಿರುತ್ತವಲ್ಲ, ಅವುಗಳಲ್ಲಿ ಯಾವುದೋ ಒಂದೇ ಯಾಕೆ ಗೆರೆ ದಾಟುತ್ತದೆ? ಯಾವುದೇ ಒಂದು ಕಲೆ ಒಂದು ವರ್ಷದಲ್ಲಿ ಕ್ಯಾನ್ಸರ್ ಆಗುವ ಸಂಭವ ನೂರಕ್ಕೆ ಒಂದಕ್ಕಿಂತ ಕಡಿಮೆ. ಎಷ್ಟೋ ಕಲೆಗಳು ತಾವಾಗಿಯೇ ಹೋಗಿಬಿಡುತ್ತವೆ. ಇನ್ನೂ ಆಶ್ಚರ್ಯದ ಸಂಗತಿ 2015ರಲ್ಲಿ ಗೊತ್ತಾಯಿತು. ನಾಲ್ಕು ಜನರ ಕಣ್ಣುರೆಪ್ಪೆಯ ಚರ್ಮ ಪರೀಕ್ಷಿಸಿದಾಗ, ನೋಡಲು ಚೆನ್ನಾಗೇ ಇದ್ದ ಆ ಚರ್ಮದ ಸುಮಾರು ಕಾಲು ಭಾಗ ಕೋಶಗಳಲ್ಲಿ ಕ್ಯಾನ್ಸರಿಗೆ ದಾರಿ ಮಾಡುವಂಥ ಬದಲಾವಣೆಗಳು ಆಗಲೇ ಇದ್ದವು. ಆದರೂ ಕ್ಯಾನ್ಸರ್ ಇರಲಿಲ್ಲ!

ಅಂದರೆ ತಡೆಯುವವರು ಯಾರೋ ಇದ್ದಾರೆ. ಅದರಲ್ಲಿ ದೊಡ್ಡ ಪಾಲು ರೋಗನಿರೋಧಕ ಶಕ್ತಿಯದ್ದು. ಕಿಡ್ನಿ ಕಸಿ ಮಾಡಿಸಿಕೊಂಡವರು ಆ ಶಕ್ತಿಯನ್ನು ಕುಗ್ಗಿಸುವ ಮಾತ್ರೆ ತಿನ್ನುತ್ತಲೇ ಇರಬೇಕು. ಅವರಲ್ಲಿ ಈ ಕ್ಯಾನ್ಸರ್ ಉಳಿದವರಿಗಿಂತ ಹತ್ತಾರು ಪಟ್ಟು ಜಾಸ್ತಿ.

ದಾಟುವ ಕಲೆ ಯಾವುದು ಅಂತ ಕಣ್ಣಿಂದ ನೋಡಿ ಹೇಳಲು ಒಳ್ಳೇ ಡಾಕ್ಟರಿಗೂ ಆಗುವುದಿಲ್ಲ. ಅದಕ್ಕೇ ಕಂಡ ಕಲೆಗಳಿಗೆಲ್ಲ ದ್ರವ ನೈಟ್ರೋಜನ್ ಹೊಡೆಯುತ್ತಾರೆ. ಇಲ್ಲವೇ ಫ್ಲೋರೋಯುರಾಸಿಲ್ ಮುಲಾಮು ಹಚ್ಚಿಸುತ್ತಾರೆ. ಅದನ್ನು ಹಚ್ಚಿದವರ ಮುಖ ವಾರಗಟ್ಟಲೆ ಕೆಂಪಗೆ ಸುಲಿದು, ಹಕ್ಕಳೆ ಕಟ್ಟಿ, ಉರಿಯುತ್ತದೆ. ಹಾಗೆ ಉರಿಸಿಕೊಂಡ ಕಲೆಗಳಲ್ಲಿ ಹೆಚ್ಚಿನವು ಏನೂ ಆಗದೆ ಉಳಿಯುತ್ತಿದ್ದವು. ಯಾವುದನ್ನು ಬಿಡಬಹುದು, ಯಾವುದನ್ನು ಇವತ್ತೇ ತೆಗೆಯಬೇಕು ಅಂತ ಮೊದಲೇ ಹೇಳಲು ಸಾಧ್ಯವಾಗಲಿ ಅಂತಲೇ ನಾವು ಜೀನ್‌ಗಳ ಏರಿಳಿತವನ್ನು ಅಳೆಯುತ್ತಿರುವುದು.