ಡಾಲ್ಫಿನ್ ಎಂಜಿನ್: ಎರಡು ಸೇರಿ ಒಂದಾಗುತ್ತಿದೆ

ನನ್ನ ಸಿಪಾನಿ ಡಾಲ್ಫಿನ್ ಕಾರಿಗೆ ಎರಡು ಹಳೇ ಎಂಜಿನ್ ಸೇರಿಸಿ ಒಂದು ಎಂಜಿನ್ ಕಟ್ಟುತ್ತಿದ್ದೇನೆ. ಶಾರ್ಟ್ ಬ್ಲಾಕ್, ಅಂದರೆ ಹೆಡ್ ಬಿಟ್ಟು ಎಂಜಿನ್ನಿನ ಕೆಳಭಾಗ, ಮುಗಿಯಿತು. ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ಶಾಫ್ಟ್) ಕೈಯಲ್ಲೇ ತಿರುಗುತ್ತಿದೆ, ಎಲ್ಲೂ ಹಿಡಿಯುತ್ತಿಲ್ಲ. ಹೆಡ್ ವೆಲ್ಡಿಂಗ್ ಆಗಿ ಬಂದಿದೆ, ಇನ್ನೂ ಸರ್ಫೇಸಿಂಗ್ (ತಳ ಉಜ್ಜಿ ಸಮತಟ್ಟು ಮಾಡುವುದು) ಆಗಬೇಕು. ಈ ಎಂಜಿನ್ ಎಲ್ಲಿಗೆ ಬಂತು ಅಂತ ಗೆಳೆಯರು ಕೇಳುತ್ತಲೇ ಇದ್ದರು. ಇಲ್ಲಿಯವರೆಗಿನ ಕಥೆ ಇದು.

ಮೊದಲು ಗಾಡಿ ಬಗ್ಗೆ ಸ್ವಲ್ಪ. ಸಿಪಾನಿ ಡಾಲ್ಫಿನ್. ನಮ್ಮ ಬೆಂಗಳೂರಲ್ಲೇ 1980ರ ದಶಕದಲ್ಲಿ ತಯಾರಾದ ಎರಡು ಬಾಗಿಲಿನ ಪುಟ್ಟ ಕಾರು. ಇಂಗ್ಲೆಂಡಿನ ಟ್ಯಾಮ್‌ವರ್ತ್‌ನ ರಿಲಯಂಟ್ ಕಂಪನಿಯ ಕಿಟನ್ ಕಾರೇ ಇದರ ಮೂಲ. ಫೈಬರ್ ಬಾಡಿ, ಹಿಂದಿನ ಚಕ್ರಕ್ಕೆ ಡ್ರೈವ್, ಅಲ್ಯೂಮಿನಿಯಂ ಎಂಜಿನ್. ಕಿಟನ್ ತೂಕವೇ ಸುಮಾರು 500 ಕೆಜಿ. ಇಷ್ಟು ಹಗುರ ಇದ್ದರೆ ರ‍್ಯಾಲಿಯವರು ಬಿಡುತ್ತಾರಾ? ಆ ಕಾಲದ ರ‍್ಯಾಲಿಗಳಲ್ಲಿ ಡಾಲ್ಫಿನ್ ಒಳ್ಳೇ ಹೆಸರು ಮಾಡಿತ್ತು. ಆದರೆ 1983ರ ಕೊನೆಯಲ್ಲಿ ನಾಲ್ಕು ಬಾಗಿಲಿನ ಮಾರುತಿ 800 ಬಂತು, ಮನೆಮಂದಿಗೆ ಕಾರು ಬೇಕು ಅನ್ನುವವರೆಲ್ಲ ಅತ್ತ ಹೋದರು. ಅದಕ್ಕೇ ಇವತ್ತು ಡಾಲ್ಫಿನ್ ಪಾರ್ಟ್ಸ್ ಸಿಗುವುದು ಕಷ್ಟ.

ಎಂಜಿನ್ 848 ಸಿಸಿ, ನಾಲ್ಕು ಸಿಲಿಂಡರ್, 40 ಹಾರ್ಸ್‌ಪವರ್. ರಿಲಯಂಟ್‌ನವರು 1962ರಲ್ಲಿ ತಮ್ಮ ಮೂರು ಚಕ್ರದ ರೀಗಲ್ ಗಾಡಿಗೆ ಅಂತ ಮಾಡಿದ 600 ಸಿಸಿ ಎಂಜಿನ್ನನ್ನೇ ಹಂತ ಹಂತವಾಗಿ ದೊಡ್ಡದು ಮಾಡುತ್ತಾ ಇಲ್ಲಿಗೆ ತಂದರು. ಬ್ಲಾಕು, ಹೆಡ್ಡು ಎರಡೂ ಅಲ್ಯೂಮಿನಿಯಂ, ಒಳಗೆ ಕಬ್ಬಿಣದ ವೆಟ್ ಲೈನರ್ (ಪಿಸ್ಟನ್ ಓಡಾಡುವ, ಬಿಚ್ಚಿ ತೆಗೆಯಬಹುದಾದ ಕೊಳವೆ). ಇಂಗ್ಲೆಂಡಿನ 750 ಮೋಟಾರ್ ಕ್ಲಬ್‌ನವರ 750 ಫಾರ್ಮುಲಾ ರೇಸ್ ಕಾರುಗಳಲ್ಲಿ ಆಸ್ಟಿನ್ ಸೆವೆನ್ ಎಂಜಿನ್ ಆದಮೇಲೆ ವರ್ಷಗಟ್ಟಲೆ ಓಡಿದ್ದು ಇದೇ ಎಂಜಿನ್. ನನಗೆ ಇದರ ಹುಚ್ಚು ಹಿಡಿದಿದ್ದೂ ಅದಕ್ಕೇ. ಇಷ್ಟು ಸರಳವಾಗಿದ್ದುಕೊಂಡು ಇಷ್ಟು ಚೆನ್ನಾಗಿ ತಿರುಗುವ ಎಂಜಿನ್ ಕಡಿಮೆ.

ನನ್ನ ಗಾಡಿಯ ಎಂಜಿನ್ನಿನಲ್ಲಿ ಬ್ಲಾಕ್ ಚೆನ್ನಾಗಿತ್ತು, ಕ್ರ್ಯಾಂಕ್ ಹಾಳಾಗಿತ್ತು. ಜರ್ನಲ್ (ಬೇರಿಂಗ್ ಕೂರುವ ಭಾಗ) ಮೇಲೆ ಉಗುರು ಎಳೆದರೆ ಗೆರೆ ಗೆರೆಯಾಗಿ ಸಿಕ್ಕುತ್ತಿತ್ತು. ಅಳೆದರೆ ಈಗಾಗಲೇ ಯಾರೋ 20 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ) ಗ್ರೈಂಡ್ ಮಾಡಿಸಿದ್ದಾರೆ. ಇನ್ನೂ 10 ಥೌ ಇಳಿಸಬಹುದಿತ್ತು, ಆದರೆ ಆ ಸೈಜಿನ ಬೇರಿಂಗ್ ನನಗೆ ಎಲ್ಲೂ ಸಿಗಲಿಲ್ಲ. ಹೀಗಿರುವಾಗ ಶಿವಾಜಿನಗರದ ಗುಜರಿಯಲ್ಲಿ ಇನ್ನೊಂದು ಎಂಜಿನ್ ಬಿದ್ದಿದೆ ಅಂತ ಪರಿಚಯದ ಮೆಕ್ಯಾನಿಕ್ ಒಬ್ಬರು ಫೋನ್ ಮಾಡಿದರು. ಹೋಗಿ ನೋಡಿದರೆ ಅದರ ಕಥೆ ಉಲ್ಟಾ. ಬ್ಲಾಕಿನೊಳಗೆ ಲೈನರ್ ಕೂರುವ ಅಂಚು ತುಕ್ಕು ತಿಂದು ಹೋಗಿದೆ, ಕ್ರ್ಯಾಂಕ್ ಮಾತ್ರ ಸ್ಟ್ಯಾಂಡರ್ಡ್ ಸೈಜಿನಲ್ಲೇ ಇದೆ! ಜೊತೆಗೆ ನಾಲ್ಕು ಲೈನರ್, ನಾಲ್ಕು ಪಿಸ್ಟನ್, ಕನೆಕ್ಟಿಂಗ್ ರಾಡ್. ಚೌಕಾಸಿ ಮಾಡುವ ಮನಸ್ಸೇ ಆಗಲಿಲ್ಲ.

ಪಿಸ್ಟನ್ ವಿಷಯಕ್ಕೆ ಯಾಕೆ ಇಷ್ಟು ಖುಷಿ ಅಂದರೆ, ಇದರ ಬೋರ್ (ಸಿಲಿಂಡರಿನ ಒಳವ್ಯಾಸ) 62.5 ಮಿ.ಮೀ. ಬೆಂಗಳೂರಿನ ಜೆ.ಸಿ. ರಸ್ತೆಯ ಪಾರ್ಟ್ಸ್ ಅಂಗಡಿಗಳಲ್ಲಿ ಕೇಳಿದರೆ ಮಾರುತಿದು ಕೊಡ್ಲಾ, ಪದ್ಮಿನಿದು ಕೊಡ್ಲಾ ಅಂತಾರೆ. ಮಾರುತಿ 800 ಬೋರ್ 68.5, ಪದ್ಮಿನಿದು 68. ಎರಡೂ ಒಳಗೇ ಹೋಗಲ್ಲ. ಹಾಗಾಗಿ ಲೈನರ್ ಜೊತೆಗೇ ಹೊಂದಿಕೊಂಡ ಪಿಸ್ಟನ್ ಸೆಟ್ ಸಿಕ್ಕಿದ್ದೇ ಈ ಪ್ರಾಜೆಕ್ಟಿನ ದೊಡ್ಡ ತಿರುವು.

ಗುಜರಿ ಪಾರ್ಟ್ ಕೈಗೆ ಬಂತು ಅಂದರೆ ಕೆಲಸ ಅಲ್ಲಿಂದ ಶುರು. ಕಣ್ಣಿಗೆ ಚೆನ್ನಾಗಿ ಕಂಡಿತು ಅಂತ ಹಾಕುವ ಹಾಗಿಲ್ಲ. ಮೈಕ್ರೋಮೀಟರ್ ಒಪ್ಪಬೇಕು. ಕ್ರ್ಯಾಂಕನ್ನು ಮೊದಲು ಸೀಮೆಎಣ್ಣೆಯಲ್ಲಿ ನೆನೆಸಿ, ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಸೀಮೆಸುಣ್ಣದ ಪುಡಿ ಸವರಿದೆ. ಬಿರುಕು ಇದ್ದರೆ ಒಳಗೆ ಸೇರಿಕೊಂಡ ಎಣ್ಣೆ ಹೊರಗೆ ಬಂದು ಬಿಳಿ ಪುಡಿ ಮೇಲೆ ಕೂದಲಿನಂಥ ಗೆರೆ ಬರೆಯುತ್ತದೆ. ರಾತ್ರಿ ಇಟ್ಟು ಬೆಳಗ್ಗೆ ನೋಡಿದೆ, ಒಂದೂ ಗೆರೆ ಇಲ್ಲ. ಆಮೇಲೆ ಪ್ರತಿ ಜರ್ನಲನ್ನೂ ಅಡ್ಡ, ಉದ್ದ, ಎರಡೂ ತುದಿಯಲ್ಲಿ ಅಳೆದೆ. ಓವಲ್ ಒಂದು ಥೌಗಿಂತ ಕಡಿಮೆ. ಗ್ರೈಂಡಿಂಗ್ ಬೇಡ, ಪಾಲಿಶ್ ಸಾಕು. ಕ್ರ್ಯಾಂಕಿನೊಳಗಿನ ಆಯಿಲ್ ರಂಧ್ರಗಳನ್ನು ಮಾತ್ರ ತಂತಿ ಬ್ರಷ್ಷು, ಪೆಟ್ರೋಲು, ಗಾಳಿ, ಮತ್ತೆ ಪೆಟ್ರೋಲು ಅಂತ ತೊಳೆದೆ. ವರ್ಷಗಟ್ಟಲೆ ಬಿದ್ದಿದ್ದ ಎಂಜಿನ್ನಿನಲ್ಲಿ ಕೆಸರೆಲ್ಲ ಹೋಗಿ ಕೂರುವುದು ಅಲ್ಲೇ. ಅದು ಸಡಿಲವಾಗಿ ಹೊರಬಂದರೆ ಹೊಸ ಬೇರಿಂಗ್ ಗತಿ ಅಷ್ಟೇ.

ಬೇರಿಂಗ್, ರಿಂಗ್, ಗ್ಯಾಸ್ಕೆಟ್, ಆಯಿಲ್ ಸೀಲ್, ಟೈಮಿಂಗ್ ಚೈನ್, ಇವಿಷ್ಟು ಹೊಸದೇ. ಇಂಗ್ಲೆಂಡಿನಿಂದ ತರಿಸಿಕೊಂಡೆ. ಅಲ್ಲಿ ಈ ಎಂಜಿನ್ನಿಗೆ ಈಗಲೂ ಅಭಿಮಾನಿಗಳಿದ್ದಾರೆ, ಹಾಗಾಗಿ ಸಿಗುತ್ತದೆ. ಇದರಲ್ಲಿ ಉಳಿತಾಯ ಮಾಡಲು ಹೋಗಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಅಲ್ಯೂಮಿನಿಯಂ ಬ್ಲಾಕ್ ತೊಳೆಯುವ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮಲ್ಲಿ ಎಷ್ಟೋ ಬೋರಿಂಗ್ ಶಾಪ್‌ಗಳಲ್ಲಿ ಕಾಸ್ಟಿಕ್ ಸೋಡಾದ ಬಿಸಿ ತೊಟ್ಟಿ ಇರುತ್ತದೆ. ಕಬ್ಬಿಣದ ಬ್ಲಾಕ್ ಹಾಕಿದರೆ ಫಳಫಳ ಅಂತ ಹೊರಗೆ ಬರುತ್ತದೆ. ಅಲ್ಯೂಮಿನಿಯಂ ಹಾಕಿದರೆ ಬುರಬುರ ಅಂತ ಗುಳ್ಳೆ ಎದ್ದು ಲೋಹವೇ ಕರಗಲು ಶುರುವಾಗುತ್ತದೆ. ನಾನು ಹೋದ ಒಂದು ಶಾಪಿನಲ್ಲಿ ಹುಡುಗ ಬ್ಲಾಕನ್ನು ಕೊಕ್ಕೆಗೆ ಸಿಕ್ಕಿಸಿ ತೊಟ್ಟಿ ಹತ್ತಿರ ತಂದೇಬಿಟ್ಟಿದ್ದ. ಪಕ್ಕದಲ್ಲೇ ನಿಂತಿದ್ದೆ, ತಡೆದೆ. ಅಲ್ಯೂಮಿನಿಯಂ ಪಾರ್ಟ್ ಕೊಡುವಾಗ ಬಾಯಲ್ಲಿ ಹೇಳಿದರೆ ಸಾಲದು, ಮಾರ್ಕರ್‌ನಲ್ಲಿ ಅದರ ಮೇಲೇ ಬರೆಯಿರಿ. ನಾನು ಕೊನೆಗೆ ಮನೆಯಲ್ಲೇ ಡೀಸೆಲ್, ಬ್ರಷ್, ಪಾತ್ರೆ ತೊಳೆಯುವ ಸೋಪು ಹಿಡಿದು ಕೂತು ತೊಳೆದೆ.

ಈಗ ಲೈನರ್. ವೆಟ್ ಲೈನರ್ ಅಂದರೆ ಸಿಲಿಂಡರ್ ಕೊಳವೆಯ ಸುತ್ತ ನೇರವಾಗಿ ಕೂಲಂಟ್ ಓಡಾಡುತ್ತದೆ. ಕೆಳಗೆ ಸೀಲ್, ಮೇಲೆ ಹೆಡ್ ಪ್ಯಾಕಿಂಗ್ (ಗ್ಯಾಸ್ಕೆಟ್), ಇವೆರಡರ ನಡುವೆ ಲೈನರ್ ಬಿಗಿಯಾಗಿ ಸಿಕ್ಕಿಕೊಂಡಿರಬೇಕು. ಅದಕ್ಕೆ ಲೈನರ್ ಮೇಲ್ತುದಿ ಬ್ಲಾಕ್ ಮಟ್ಟಕ್ಕಿಂತ ಕೂದಲೆಳೆಯಷ್ಟು ಎದ್ದಿರಬೇಕು. ಒಂದು ಎದ್ದು ಪಕ್ಕದ್ದು ತಗ್ಗಿದ್ದರೆ ಅವೆರಡರ ನಡುವೆ ಪ್ಯಾಕಿಂಗ್ ಸುಟ್ಟುಹೋಗುತ್ತದೆ. ಒಂದು ಎಂಜಿನ್ನಿನ ಲೈನರ್ ಇನ್ನೊಂದರ ಬ್ಲಾಕಿಗೆ ಹಾಕುವಾಗ ಈ ಲೆಕ್ಕ ತಾನಾಗಿ ಸರಿಬರುವುದಿಲ್ಲ. ಬ್ಲಾಕ್ ಮೇಲೆ ಡಯಲ್ ಗೇಜ್ ಕೂರಿಸಿ, ಪ್ರತಿ ಲೈನರನ್ನು ನಾಲ್ಕು ಕಡೆ ಅಳೆದೆ. ಮೂರು ಲೈನರ್ ಒಂದೇ ಸಮ. ಮೂರನೇ ಸಿಲಿಂಡರಿನದು ಮಾತ್ರ ತಗ್ಗು. ಲೈನರ್‌ಗಳನ್ನು ಅದಲುಬದಲು ಮಾಡಿ ಕೂರಿಸಿದೆ. ತಗ್ಗು ಮೂರನೇ ಜಾಗದಲ್ಲೇ ಉಳಿಯಿತು. ಅಂದರೆ ದೋಷ ಲೈನರಿನಲ್ಲಿ ಇಲ್ಲ, ಬ್ಲಾಕಿನ ಅಂಚಿನಲ್ಲಿ. ಅಲ್ಲಿ ಬೆರಳಾಡಿಸಿದರೆ ಹಳೇ ಸೀಲಿನ ಗುರುತು ಸಣ್ಣ ಗುಂಡಿಯಾಗಿ ಸಿಗುತ್ತಿತ್ತು. ಅಂಚನ್ನು ಹದವಾಗಿ ಸಮ ಮಾಡಿ, ಕೆಳಗೆ ತೆಳು ತಾಮ್ರದ ಶಿಮ್ ಕೊಟ್ಟು ಎತ್ತಿದೆ. ಈಗ ನಾಲ್ಕೂ ಒಂದೇ ಮಟ್ಟ, ಸ್ಟ್ರೇಟ್ ಎಡ್ಜ್ ಇಟ್ಟು ಹಿಂದೆ ಟಾರ್ಚ್ ಬಿಟ್ಟರೆ ಬೆಳಕು ಸಮವಾಗಿ ಕಾಣುತ್ತದೆ. ಹೆಡ್ ಕೂರುವವರೆಗೆ ಲೈನರ್‌ಗಳು ಅಲುಗಾಡದ ಹಾಗೆ ವಾಷರ್, ಪೈಪ್ ತುಂಡು ಹಾಕಿ ಬಿಗಿದಿಟ್ಟಿದ್ದೇನೆ. ಇಲ್ಲದಿದ್ದರೆ ಕ್ರ್ಯಾಂಕ್ ತಿರುಗಿಸಿದಾಗ ಪಿಸ್ಟನ್ ಜೊತೆ ಲೈನರೂ ಎದ್ದು ಬರುತ್ತದೆ, ಸೀಲ್ ಹಾಳು.

ಪಿಸ್ಟನ್‌ಗಳನ್ನು ಪಿನ್ ಸಮೇತ ಅಡುಗೆಮನೆ ಡಿಜಿಟಲ್ ತಕ್ಕಡಿಯಲ್ಲಿ ತೂಗಿದೆ. ಒಂದು ಸ್ವಲ್ಪ ಜಾಸ್ತಿ ತೂಗಿತು. ಒಳಗಡೆ ಪಿನ್ ಬಾಸ್ ಹತ್ತಿರ ಫೈಲ್ ಹಾಕಿ ಉಳಿದವಕ್ಕೆ ಸಮ ತಂದೆ. ರಿಂಗ್ ಗ್ಯಾಪ್ (ರಿಂಗಿನ ಎರಡು ತುದಿಗಳ ನಡುವಿನ ಸಂದು) ಬೋರಿನ ಇಂಚಿಗೆ ನಾಲ್ಕು ಥೌ ಲೆಕ್ಕದಲ್ಲಿ, ಅಂದರೆ ಇಲ್ಲಿ ಸುಮಾರು 10 ಥೌ, ಒಂದೊಂದನ್ನೂ ಅದು ಓಡಬೇಕಾದ ಲೈನರಿನಲ್ಲೇ ಇಟ್ಟು ನೋಡಿದೆ. ಬೇರಿಂಗ್ ಕ್ಲಿಯರೆನ್ಸ್ (ಬೇರಿಂಗಿಗೂ ಜರ್ನಲಿಗೂ ನಡುವಿನ ಸಂದು) ಎಷ್ಟಿದೆ ಅಂತ, ಒತ್ತಿದರೆ ಚಪ್ಪಟೆಯಾಗುವ ಪ್ಲಾಸ್ಟಿಕ್ ಎಳೆ ಪ್ಲಾಸ್ಟಿಗೇಜ್‌ನಲ್ಲಿ ನೋಡಿ, ಸರಿ ಇದೆ ಅಂತ ಖಾತ್ರಿ ಆದಮೇಲೇ ಕ್ಯಾಪ್ ಬಿಗಿದದ್ದು. ಪ್ರತಿ ಕ್ಯಾಪ್ ಬಿಗಿದಾಗಲೂ ಕ್ರ್ಯಾಂಕ್ ತಿರುಗಿಸಿ ನೋಡುತ್ತಾ ಹೋದೆ. ಎಲ್ಲಿ ಹಿಡಿಯಿತು ಅನ್ನುವುದು ಆಗಲೇ ಗೊತ್ತಾಗಬೇಕು, ಎಲ್ಲ ಮುಗಿದ ಮೇಲಲ್ಲ.

ಹೆಡ್ಡಿನ ಕಥೆ ಬೇರೆ. ಬರೀ ಬೋರ್‌ವೆಲ್ ನೀರು ಹಾಕಿಕೊಂಡು ಓಡಿಸಿದ ಅಲ್ಯೂಮಿನಿಯಂ ಹೆಡ್ ಹೇಗಿರುತ್ತದೆ ಅಂತ ನೋಡಬೇಕಿದ್ದರೆ ಇದನ್ನು ನೋಡಬೇಕು. ನೀರಿನ ದಾರಿಗಳ ಸುತ್ತ ಲೋಹ ಗೆದ್ದಲು ತಿಂದ ಹಾಗೆ ಆಗಿತ್ತು. ಒಂದು ಕಡೆಯಂತೂ ಕೊರೆತ ಕಂಬಶ್ಚನ್ ಛೇಂಬರ್ ಅಂಚಿನ ತನಕ ಬಂದಿತ್ತು. ಕೊರೆದುಹೋದ ಜಾಗವನ್ನೆಲ್ಲ ಹೊಳೆಯುವ ಲೋಹ ಸಿಗುವ ತನಕ ಬರ್ರ್‌ನಲ್ಲಿ ಕೆರೆದು, ಹೆಡ್ ಬಿಸಿ ಮಾಡಿ, 4043 ಅನ್ನುವ ಅಲ್ಯೂಮಿನಿಯಂ ರಾಡ್‌ನಲ್ಲಿ ಟಿಗ್ ವೆಲ್ಡ್ ತುಂಬಿಸಿದ್ದಾಯಿತು. ವೆಲ್ಡ್ ಮಾಡಿದವರ ಕೈ ತುಂಬಾ ಹದ, ನಿಧಾನವಾಗಿ ತಣಿಯಲು ಬಿಟ್ಟರು. ಸರ್ಫೇಸಿಂಗ್‌ನಲ್ಲಿ ಎಷ್ಟು ಕಡಿಮೆ ಆಗುತ್ತೋ ಅಷ್ಟೇ ತೆಗೆಯಿರಿ ಅಂತ ಕೇಳಿಕೊಳ್ಳಬೇಕು, ಯಾಕೆಂದರೆ ಹೆಡ್ ಉಜ್ಜಿದಷ್ಟೂ ಕಂಪ್ರೆಷನ್ ಏರುತ್ತದೆ, ಅದು ಮೊದಲೇ 9.5 ಇದೆ.

ಕಾರ್ಬುರೇಟರ್ ಹಳೇ ಅಂಬಾಸಡರಿನಿಂದ ಬಿಚ್ಚಿದ ಎಸ್‌ಯು. ಬಾಡಿ ಗಟ್ಟಿಯಾಗಿದೆ, ಥ್ರಾಟಲ್ ಸ್ಪಿಂಡಲ್ ಸವೆದಿತ್ತು, ಬುಷ್ ಹಾಕಿಸಿದೆ. ಅದರಲ್ಲಿದ್ದ ನೀಡಲ್ (ಪೆಟ್ರೋಲಿನ ಪ್ರಮಾಣ ನಿಯಂತ್ರಿಸುವ ಸೂಜಿ) 1489 ಸಿಸಿ ಎಂಜಿನ್ನಿನದು, ಇದಕ್ಕೆ ಆಗುವುದಿಲ್ಲ, ಬದಲಿಸಬೇಕು. ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆತ ಪೆಟ್ರೋಲ್. ಹಳೇ ರಬ್ಬರ್ ಪೈಪುಗಳು ಇದರಲ್ಲಿ ಉಬ್ಬಿ ಮೆತ್ತಗಾಗುತ್ತವೆ. ಟ್ಯಾಂಕಿನಿಂದ ಕಾರ್ಬ್ ತನಕ ಎಲ್ಲ ಕಡೆ ಎಥನಾಲ್ ತಡೆಯುವ ವೈಟಾನ್ ರಬ್ಬರ್ ಪೈಪು ಹಾಕುತ್ತಿದ್ದೇನೆ. ಹಳೇ ಗಾಡಿ ಇರುವವರು ಇದೊಂದನ್ನು ಮುಂದೆ ಹಾಕಬೇಡಿ, ಬಿಸಿ ಎಕ್ಸಾಸ್ಟ್ ಪಕ್ಕದಲ್ಲಿ ಪೆಟ್ರೋಲ್ ಸೋರಿದರೆ ಫೈಬರ್ ಬಾಡಿ ಕಾರು ಉಳಿಯುವುದಿಲ್ಲ.

ಮುಂದೆ ವಾಲ್ವ್ ಲ್ಯಾಪಿಂಗ್ (ವಾಲ್ವ್ ತನ್ನ ಸೀಟಿಗೆ ಸರಿಯಾಗಿ ಕೂರುವ ಹಾಗೆ ಉಜ್ಜುವುದು), ಆಮೇಲೆ ಡಿಗ್ರಿ ಗುರುತುಗಳಿರುವ ಡಿಸ್ಕ್ ಹಾಕಿ ಕ್ಯಾಮ್ ಟೈಮಿಂಗ್, ಅಂದರೆ ವಾಲ್ವ್ ತೆರೆದು ಮುಚ್ಚುವ ಸಮಯ, ನೋಡುವುದು. ಕ್ಯಾಮ್ ಲೋಬ್‌ಗಳಿಗೆ ಮಾಲಿಬ್ಡಿನಂ ಪೇಸ್ಟ್ ಆಗಲೇ ಹಚ್ಚಿದ್ದೇನೆ. ಆಯಿಲ್ 20W-50 ಮಿನರಲ್, ಕೂಲಂಟಿಗೆ ಬೆರೆಸಲು ಡಿಸ್ಟಿಲ್ಡ್ ವಾಟರ್ ಮಾತ್ರ. ಸ್ಟಾರ್ಟ್ ಮಾಡುವ ಮೊದಲು ಪ್ಲಗ್ ತೆಗೆದು, ಗೇಜ್‌ನಲ್ಲಿ ಆಯಿಲ್ ಪ್ರೆಶರ್ ಕಾಣುವ ತನಕ ಸ್ಟಾರ್ಟರ್‌ನಲ್ಲೇ ತಿರುಗಿಸಬೇಕು. ಅದಕ್ಕೆ ಎಂಜಿನ್ ಕೂರಿಸುವ ಸ್ಟ್ಯಾಂಡ್ ಬೇಕು, ಈ ವಾರ ಆ್ಯಂಗಲ್ ಕಟ್ ಮಾಡಿಸಿ ವೆಲ್ಡಿಂಗ್‌ಗೆ ಕೊಡುತ್ತೇನೆ. ವಾಟರ್ ಪಂಪ್ ಎರಡೂ ಎಂಜಿನ್ನಿನದೂ ಕೆಟ್ಟಿದೆ. ಒಂದರ ಬಾಡಿ, ಇನ್ನೊಂದರ ಇಂಪೆಲ್ಲರ್ ತೆಗೆದು, ಹೊಸ ಬೇರಿಂಗ್, ಸೀಲ್ ಕೂರಿಸಲು ಲೇತಿನವರಿಗೆ ಶಾಫ್ಟ್ ಅಳತೆ ಬರೆದು ಕೊಟ್ಟಿದ್ದೇನೆ.