ಮೀಟರ್ ಅರವತ್ತು ಅಂತಿತ್ತು, ಕಣ್ಣು ಒಪ್ಪುತ್ತಿರಲಿಲ್ಲ

ನಮ್ಮ ಮನೆ ಕಂಪ್ಯೂಟರಿಗೆ ಇಬ್ಬರು ಯಜಮಾನರು. ಹಗಲು ನಾನು. ಇಲ್ಲೇ ರಾಯಚೂರಿನ ಗಂಜ್‌ನಲ್ಲಿರುವ ಒಂದು ದಲಾಲಿ ಅಂಗಡಿಯ ಲೆಕ್ಕವನ್ನು ಮನೆಯಲ್ಲೇ ಕೂತು ಟ್ಯಾಲಿಯಲ್ಲಿ ಬರೆಯುತ್ತೇನೆ. ಸಂಜೆಯಾದರೆ ನನ್ನ ತಮ್ಮ. ಅವನು ಮದುವೆ ವಿಡಿಯೋ ಎಡಿಟ್ ಮಾಡುತ್ತಾನೆ. ಕೆಲಸ ಮುಗಿದ ಮೇಲೆ ಗೇಮ್. ಮುಗಿಯುವ ಮುಂಚೆಯೂ ಗೇಮ್, ಅದು ಬೇರೆ ಮಾತು.

ಹೋದ ಬೇಸಿಗೆಯಲ್ಲಿ ಅವನ ಪಾಳಿಯಲ್ಲೇ ತೊಂದರೆ ಶುರುವಾಯಿತು. "ಅಕ್ಕಾ, ಮತ್ತ ಝಟಕಾ ಹೊಡಿಯಾಕತ್ತೈತಿ ನೋಡು ಬಾ" ಅಂತ ಕೂಗುತ್ತಿದ್ದ. ನಾನು ಹೋಗಿ ಹಿಂದೆ ನಿಂತರೆ ಎಲ್ಲ ಸರಿಯಾಗಿ ಓಡುತ್ತಿತ್ತು. ಇನ್ನೇನು ವಾಪಸ್ ತಿರುಗಬೇಕು, ಅಷ್ಟರಲ್ಲಿ ಪರದೆಯ ಮೇಲಿನ ಕಾರು ನಡುರಸ್ತೆಯಲ್ಲಿ ಗಕ್ಕನೆ ನಿಲ್ಲುತ್ತಿತ್ತು. ಕಣ್ಣು ಪಿಳುಕಿಸುವುದರಲ್ಲಿ ಹತ್ತು ಮಾರು ಮುಂದೆ ಹೋಗಿ ಗೋಡೆಗೆ ಗುದ್ದಿರುತ್ತಿತ್ತು. ಇದರ ಜೊತೆಗೆ ಇನ್ನೊಂದು ಕಾಟ. ಅಪರೂಪಕ್ಕೆ ಪರದೆ ಪೂರ್ತಿ ಕಪ್ಪಾಗಿ, ಮತ್ತೆ ತಾನೇ ಬರುವುದು.

ನನ್ನ ಟ್ಯಾಲಿಗೆ ಏನೂ ಆಗುತ್ತಿರಲಿಲ್ಲ. ಆಗಿದ್ದರೂ ಗೊತ್ತಾಗುತ್ತಿರಲಿಲ್ಲ ಅನ್ನಿ. ಲೆಕ್ಕದ ಪುಟ ಸೆಕೆಂಡಿನ ಐದನೇ ಒಂದು ಭಾಗ ನಿಂತರೆ ಯಾರು ನೋಡುತ್ತಾರೆ?

ಸಲಹೆಗಳಿಗೇನು ಬರ ಇರಲಿಲ್ಲ. ತಮ್ಮನ ಗೆಳೆಯರು ಪರದೆಗೆ ಚಿತ್ರ ಬರೆಯುವ ಗ್ರಾಫಿಕ್ಸ್ ಕಾರ್ಡ್ ಹಳೆಯದಾಯಿತು, ಹೊಸದು ತಗೋ ಅಂದರು. ರಿಪೇರಿ ಅಂಗಡಿಯವರು ಫೋನಿನಲ್ಲೇ ಫಾರ್ಮ್ಯಾಟ್ ಹೊಡೆಯಿರಿ ಅಂದರು. ಈ ಫಾರ್ಮ್ಯಾಟ್ ಅನ್ನುವ ಔಷಧಿ ನನಗೆ ಯಾವತ್ತೂ ಹಿಡಿಸಿಲ್ಲ. ಅದರಿಂದ ವಾಸಿಯಾದರೂ ಕಾಯಿಲೆ ಏನಿತ್ತು ಅಂತ ತಿಳಿಯುವುದಿಲ್ಲ. ಮುಂದಿನ ಸಲ ಮತ್ತೆ ಅದೇ ಔಷಧಿ.

ಅಪ್ಪನದು ಒಂದೇ ಮಾತು. "ವೋಲ್ಟೇಜ್ ಕಮ್ಮಿ ಬಂದ್ರ ಹಿಂಗ ಆಗ್ತೈತಿ." ಇಷ್ಟು ಹತ್ತಿರದ ಶಕ್ತಿನಗರದಲ್ಲಿ 1720 ಮೆಗಾವ್ಯಾಟ್‌ನ ಸ್ಥಾವರ ಇಟ್ಟುಕೊಂಡು ನಾವು ವೋಲ್ಟೇಜ್ ಬಗ್ಗೆ ಮಾತಾಡುವುದು ನಮ್ಮೂರ ಹಳೇ ತಮಾಷೆ. ಸಂಜೆ ಹೊತ್ತು ಫ್ಯಾನ್ ನಿಧಾನ ಆಗುವುದು ನಿಜ. ಆದರೆ ಕಂಪ್ಯೂಟರಿನ ಎಸ್‌ಎಂಪಿಎಸ್ ಅನ್ನುವ, ಒಳಗೆ ಕರೆಂಟ್ ಹದಮಾಡಿ ಕೊಡುವ ಪೆಟ್ಟಿಗೆ ಫ್ಯಾನಿನ ಹಾಗಲ್ಲ. ಈಗಿನ ಎಷ್ಟೋ ಎಸ್‌ಎಂಪಿಎಸ್‌ಗಳು 100ರಿಂದ 240 ವೋಲ್ಟ್ ತನಕ ಯಾವುದು ಬಂದರೂ ಒಳಗೆ 12 ವೋಲ್ಟನ್ನೇ ಕೊಡುತ್ತವೆ. ತೀರಾ ಕಡಿಮೆಯಾದರೆ ಕಂಪ್ಯೂಟರ್ ಆಫ್ ಆಗುತ್ತದೆ, ಇಲ್ಲ ರೀಸ್ಟಾರ್ಟ್ ಆಗುತ್ತದೆ. ಕಾರು ಮಾತ್ರ ತಡೆದು ತಡೆದು ಓಡುವ ಹಾಗೆ ಮಾಡುವುದಿಲ್ಲ. ಅಪ್ಪನಿಗೆ ಇದನ್ನು ಹೇಳಿದೆ. "ನೋಡೂಣಂತ" ಅಂದು ಸುಮ್ಮನಾದರು.

ಬಿಸಿಲಿನ ಮೇಲೆ ನನಗೇ ಅನುಮಾನ ಇತ್ತು. ಮೇ ತಿಂಗಳು, ರಾಯಚೂರು, ಮೇಲೆ ಬರೀ ಸ್ಲ್ಯಾಬ್. ರಾತ್ರಿ ಹತ್ತಾದರೂ ಗೋಡೆ ಮುಟ್ಟಿದರೆ ಬಿಸಿ. ಕ್ಯಾಬಿನೆಟ್ ಬಿಚ್ಚಿದರೆ ಮುಂದಿನ ಜಾಲರಿಗೆ ಹತ್ತಿಯ ನವಿರು ಎಳೆ ಕೂತು ಹಾಸಿಗೆಯಾಗಿತ್ತು. ಹತ್ತಿ ಬರುವ ಕಾಲದಲ್ಲಿ ನಮ್ಮ ಓಣಿಯ ಗಾಳಿಯಲ್ಲೇ ಅದು ಹಾರಾಡುತ್ತದೆ. ಅವ್ವ ದಿನಾ ಗುಡಿಸಿದರೂ ಮೂಲೆಯಲ್ಲಿ ಉಂಡೆಯಾಗಿರುತ್ತದೆ. ಬ್ರಷ್ ಹಿಡಿದು ತೆಗೆದೆವು. ಫ್ಯಾನಿನ ರೆಕ್ಕೆ ಬೆರಳಲ್ಲಿ ಹಿಡಿದುಕೊಂಡು ಬ್ಲೋಯರ್ ಊದಿದೆವು. ಹಿಡಿಯದೆ ಊದಿದರೆ ರೆಕ್ಕೆ ಸಿಕ್ಕಾಪಟ್ಟೆ ಸುತ್ತಿ ಬೇರಿಂಗ್ ಹಾಳಾಗಬಹುದು. ಕಾರ್ಡಿನ ಬಿಸಿ ಚೆನ್ನಾಗಿಯೇ ಇಳಿಯಿತು. ಝಟಕಾ ಮಾತ್ರ ಇಳಿಯಲಿಲ್ಲ.

ಆಮೇಲೆ ಯೋಚಿಸಿದರೆ ಅದೂ ಸರಿಯೇ. ಬಿಸಿಯಾದ ಚಿಪ್ ತನ್ನ ವೇಗ ಇಳಿಸಿಕೊಳ್ಳುತ್ತದೆ. ಆಗ ಗೇಮ್ ಒಟ್ಟಾರೆ ನಿಧಾನ ಆಗುತ್ತದೆ, ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಬರುತ್ತಿದ್ದದ್ದು 45, 40 ಆಗುತ್ತದೆ. ನಮ್ಮದರಲ್ಲಿ ಹಾಗಿರಲಿಲ್ಲ. ಪರದೆಯ ಮೂಲೆಯಲ್ಲಿ ಆ ಎಣಿಕೆ ತೋರಿಸುವ ಮೀಟರ್ ಯಾವಾಗ ನೋಡಿದರೂ 60 ಅಂತಲೇ ತೋರಿಸುತ್ತಿತ್ತು. ತಮ್ಮನಿಗೆ ಅದೇ ಸಿಟ್ಟು. "ಅರವತ್ತು ಅಂತೈತಿ, ಕಣ್ಣಿಗೆ ಅರವತ್ತು ಕಾಣವಲ್ದು."

ಇಲ್ಲಿ ನನ್ನ ಲೆಕ್ಕದ ಬುದ್ಧಿ ಕೆಲಸಕ್ಕೆ ಬಂತು. ಸೆಕೆಂಡಿಗೆ 60 ಫ್ರೇಮ್ ಅಂದರೆ ಒಂದೊಂದು ಫ್ರೇಮಿಗೆ 16.67 ಮಿಲಿಸೆಕೆಂಡ್. ನಿಮಿಷಕ್ಕೆ 3600 ಫ್ರೇಮ್. ಆ ನಿಮಿಷದಲ್ಲಿ ಒಂದೇ ಒಂದು ಫ್ರೇಮ್ 200 ಮಿಲಿಸೆಕೆಂಡ್ ತಗೊಂಡಿತು ಅಂದುಕೊಳ್ಳಿ. ನಷ್ಟ ಆಗುವುದು ಸುಮಾರು 11 ಫ್ರೇಮ್. ಸರಾಸರಿ ತೆಗೆದರೆ 59.8. ಅಂದರೆ ಹೆಚ್ಚು ಕಡಿಮೆ 60. ಕಣ್ಣಿಗೆ ಮಾತ್ರ ಆ 200 ಮಿಲಿಸೆಕೆಂಡಿನ ಗುಂಡಿ ಕಂಡೇ ಕಾಣುತ್ತದೆ. ಸರಾಸರಿಯಲ್ಲಿ ಕಳ್ಳತನ ಮುಚ್ಚಿಹೋಗುವುದು ಲೆಕ್ಕ ಬರೆಯುವವರಿಗೆ ಹೊಸದೇನಲ್ಲ ಅಲ್ವಾ.

ಹಾಗಾಗಿ ಕಾರ್ಡಿನ ಮೇಲೆ ಕಣ್ಣಿಡುವ ಸಾಫ್ಟ್‌ವೇರ್ ಎಂಎಸ್‌ಐ ಆಫ್ಟರ್‌ಬರ್ನರ್‌ನಲ್ಲಿ ಆ 60ರ ಮೀಟರ್ ತೆಗೆದು, ಒಂದೊಂದು ಫ್ರೇಮಿಗೆ ಎಷ್ಟು ಹೊತ್ತು ಹಿಡಿಯಿತು ಅಂತ ತೋರಿಸುವ ಫ್ರೇಮ್ ಟೈಮಿನ ಗೆರೆ ಹಾಕಿಸಿದೆ. ಗೆರೆ ಸಪಾಟಾಗಿ ಹೋಗುತ್ತಿತ್ತು. ನಡುನಡುವೆ ಒಂದು ಮೊಳೆ ಎದ್ದ ಹಾಗೆ ಮೇಲಕ್ಕೆ ಹೋಗಿ ಇಳಿಯುತ್ತಿತ್ತು. ಗೋಡೆ ಗಡಿಯಾರ ನೋಡುತ್ತಾ ಕೂತೆ. ಹೆಚ್ಚು ಕಡಿಮೆ ನಿಮಿಷಕ್ಕೊಂದು ಮೊಳೆ. ಹೊಸ ಜಾಗಕ್ಕೆ ಹೋದಾಗ ಮಾತ್ರ ಬಂದಿದ್ದರೆ ಹಾರ್ಡ್ ಡಿಸ್ಕೋ, ಗ್ರಾಫಿಕ್ಸ್ ಮೆಮೊರಿ ಸಾಲದ್ದೋ ಅನ್ನಬಹುದಿತ್ತು. ಕಾರು ಸುಮ್ನೆ ನಿಂತಿದ್ದಾಗಲೂ ಬರುತ್ತಿತ್ತು. ಅಂದರೆ ಗೇಮಿನ ಒಳಗೆ ಏನು ನಡೆಯುತ್ತಿದೆ ಅನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಹೊರಗಿನ ಯಾವುದೋ ಒಂದು ತನ್ನದೇ ಟೈಮಿಗೆ ಬಂದು ತಟ್ಟಿ ಹೋಗುತ್ತಿದೆ.

ಅಷ್ಟಾದರೂ ಮೊದಲು ಕಾರ್ಡನ್ನು ವಿಂಡೋಸಿಗೆ ಹೊಂದಿಸುವ ಸಾಫ್ಟ್‌ವೇರ್ ಆದ ಡ್ರೈವರ್ ಕೆಲಸ ಮುಗಿಸೋಣ ಅಂದುಕೊಂಡೆವು. ಕಾರಣ ಆ ಕಪ್ಪು ಪರದೆ. ವಿಂಡೋಸ್ ಬರೆದಿಟ್ಟ ತೊಂದರೆಗಳನ್ನು ತೋರಿಸುವ ಈವೆಂಟ್ ವ್ಯೂವರ್ ತೆರೆದರೆ 4101 ನಂಬರಿನ ಎಚ್ಚರಿಕೆ ಸಾಲಾಗಿ ಬಿದ್ದಿತ್ತು. ಡಿಸ್‌ಪ್ಲೇ ಡ್ರೈವರ್ ಉತ್ತರ ಕೊಡುವುದು ನಿಲ್ಲಿಸಿತ್ತು, ಈಗ ಸರಿಹೋಗಿದೆ ಅನ್ನುವುದು ಅದರ ಸಾರ. ವಿಂಡೋಸ್ ವಿಸ್ಟಾ ಕಾಲದಿಂದ ಈ ಏರ್ಪಾಡು ಇದೆ. ಗ್ರಾಫಿಕ್ಸ್ ಕಾರ್ಡ್ 2 ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ಇಡೀ ಕಂಪ್ಯೂಟರ್ ಕೆಡವುವ ಬದಲು ಡ್ರೈವರನ್ನು ಮಾತ್ರ ಎಬ್ಬಿಸಿ ಮತ್ತೆ ಕೂರಿಸುತ್ತದೆ. ಆ ಹೊತ್ತು ಪರದೆ ಕಪ್ಪು. ವಿಂಡೋಸಿನ ಒಳಗಿನ ಸೆಟ್ಟಿಂಗ್‌ಗಳ ಕಡತವಾದ ರಿಜಿಸ್ಟ್ರಿಯಲ್ಲಿ ಆ 2 ಸೆಕೆಂಡನ್ನು 8 ಮಾಡಿ, 10 ಮಾಡಿ ಅಂತ ಹೇಳುವವರು ಬಹಳ ಜನ. ಉತ್ತರ ಕೊಡದವನಿಗೆ ಇನ್ನಷ್ಟು ಹೊತ್ತು ಕೊಟ್ಟರೆ ಏನು ಲಾಭವೋ ನನಗಂತೂ ತಿಳಿಯದು. ಅದನ್ನು ಮುಟ್ಟಲಿಲ್ಲ.

ತಮ್ಮ ಹೊಸದು ಬಂದಾಗೆಲ್ಲ ಡ್ರೈವರ್ ಮೇಲೆ ಡ್ರೈವರ್ ಹಾಕಿದ್ದ. ಹಳೆಯದರ ಚೂರುಪಾರು ಉಳಿದಿರಬಹುದು ಅಂತ, ಡ್ರೈವರನ್ನು ಬೇರುಸಹಿತ ಅಳಿಸುವ ಡಿಡಿಯು ಅನ್ನುವ ಉಚಿತ ಸಾಫ್ಟ್‌ವೇರ್ ಇಳಿಸಿಕೊಂಡೆವು. ಕಾರ್ಡ್ ಕಂಪನಿಯ ಸೈಟಿನಿಂದ, ತೊಂದರೆ ಇಲ್ಲದ ಕಾಲದಲ್ಲಿದ್ದ ಹಳೇ ಡ್ರೈವರನ್ನೂ ಮೊದಲೇ ಇಳಿಸಿ ಪಕ್ಕಕ್ಕಿಟ್ಟೆವು. ಶಿಫ್ಟ್ ಒತ್ತಿಕೊಂಡು ರೀಸ್ಟಾರ್ಟ್ ಕೊಟ್ಟು, ವಿಂಡೋಸ್ ಬೇಕಾದಷ್ಟನ್ನು ಮಾತ್ರ ಓಡಿಸುವ ಸೇಫ್ ಮೋಡಿಗೆ ಹೋದೆವು. ಇದಕ್ಕೆ ಮುಂಚೆ ಮಾಡಬೇಕಾದ್ದು ಒಂದಿದೆ. ನೆಟ್ ಕಿತ್ತಿಡಬೇಕು. ಇಲ್ಲದಿದ್ದರೆ ಇದ್ದದ್ದು ಹೋದ ಕೂಡಲೇ ವಿಂಡೋಸ್ ತಾನಾಗಿ ಇನ್ಯಾವುದೋ ಡ್ರೈವರ್ ತಂದು ಕೂರಿಸಿಬಿಡುತ್ತದೆ. ನಮ್ಮ ನೆಟ್ ಅಂದರೆ ಹಿಂದುಗಡೆ ಯುಎಸ್‌ಬಿಗೆ ಚುಚ್ಚಿದ್ದ ಉಗುರಿನಷ್ಟು ಗಾತ್ರದ ವೈಫೈ ಡಾಂಗಲ್. ಅದನ್ನು ಕಿತ್ತು ತಮ್ಮ ಜೇಬಿಗೆ ಹಾಕಿಕೊಂಡ.

ಇದ್ದದ್ದು ಅಳಿಸಿ, ಇಳಿಸಿಟ್ಟದ್ದು ಹಾಕಿ, ಗೇಮ್ ತೆರೆದೆವು. ಮೊದಲ ಸುತ್ತಿನಲ್ಲಿ ಅಲ್ಲಲ್ಲಿ ತಡವರಿಸಿತು. ತಮ್ಮನ ಮುಖ ಬಾಡಿತು. ಆದರೆ ಹೊಸದಾಗಿ ಡ್ರೈವರ್ ಹಾಕಿದ ಮೇಲಿನ ಮೊದಲ ಸುತ್ತು ಲೆಕ್ಕಕ್ಕಿಲ್ಲ. ಬೆಳಕು, ನೆರಳು ಬರೆಯುವ ಶೇಡರ್ ಅನ್ನುವ ಚಿಕ್ಕ ಚಿಕ್ಕ ಪ್ರೋಗ್ರಾಮ್‌ಗಳನ್ನು ಆ ಕಾರ್ಡಿಗೆ, ಆ ಡ್ರೈವರಿಗೆ ತಕ್ಕಂತೆ ಮತ್ತೆ ತಯಾರು ಮಾಡಬೇಕು. ಒಮ್ಮೆ ಮಾಡಿಟ್ಟರೆ ಮುಂದೆ ಡಿಸ್ಕಿನಿಂದ ಎತ್ತಿಕೊಳ್ಳುತ್ತದೆ. ಎರಡನೇ ಸುತ್ತಿಗೆ ಗೆರೆ ಸಪಾಟಾಯಿತು. ಒಂದೂ ಮೊಳೆ ಇಲ್ಲ. ಅವ್ವ ಮಂಡಾಳ ಒಗ್ಗರಣಿ, ಮಿರ್ಚಿ ತಂದಿಟ್ಟರೂ ಅವನು ಕೈ ಹಾಕಲಿಲ್ಲ, ಆಡುತ್ತಲೇ ಇದ್ದ. ಮಿರ್ಚಿ ನಾನೇ ಮುಗಿಸಿದೆ.

ರಾತ್ರಿ ಊಟ ಆದ ಮೇಲೆ ಮತ್ತೆ ಅದೇ ಕೂಗು. "ಅಕ್ಕಾ, ಬಂತು!"

ಸಂಜೆಗೂ ರಾತ್ರಿಗೂ ನಡುವೆ ಏನು ಬದಲಾಯಿತು? ಡ್ರೈವರ್ ಅದೇ. ಗೇಮ್ ಅದೇ. ಬಿಸಿಲು ಇಳಿದಿತ್ತು. ಅವನು ಮಾಡಿದ್ದು ಒಂದೇ, ಮದುವೆ ವಿಡಿಯೋ ಸ್ಟುಡಿಯೋದವರಿಗೆ ಕಳಿಸಲು ಜೇಬಿನ ಡಾಂಗಲ್ ತೆಗೆದು ಚುಚ್ಚಿದ್ದ. "ಅದಕ್ಕೂ ಗ್ರಾಫಿಕ್ಸಿಗೂ ಏನ್ ಸಂಬಂಧ?" ಅಂದ. ಅದೇ ಹೊತ್ತಿಗೆ ನನಗೆ ಅವನ ಇನ್ನೊಂದು ಗೊಣಗಾಟ ನೆನಪಾಯಿತು. ಎಡಿಟ್ ಮಾಡುವಾಗ ಹೆಡ್‌ಫೋನಿನಲ್ಲಿ ಆಗಾಗ ಕರ್ ಅನ್ನುತ್ತದೆ ಅಂತ ಎಷ್ಟೋ ದಿನದಿಂದ ಹೇಳುತ್ತಿದ್ದ. ಹೆಡ್‌ಫೋನ್ ಹಾಳಾಗಿದೆ ಅಂತ ಎಲ್ಲರೂ ಬಿಟ್ಟಿದ್ದೆವು. ಚಿತ್ರವೂ ನಿಂತು, ಅದೇ ಕ್ಷಣಕ್ಕೆ ಶಬ್ದವೂ ಒಡೆಯುತ್ತದೆ ಅಂದರೆ ಬರೀ ಗ್ರಾಫಿಕ್ಸ್ ಡ್ರೈವರಿನ ಮೇಲೆ ಹೊರೆ ಹೊರಿಸಲು ಆಗುವುದಿಲ್ಲ. 2022ರಲ್ಲಿ ಎಎಂಡಿ ಕಂಪನಿಯೇ ಇಂಥ ಒಂದನ್ನು ಒಪ್ಪಿಕೊಂಡಿತ್ತು. ಕೆಲವು ರೈಜನ್ ಕಂಪ್ಯೂಟರುಗಳಲ್ಲಿ ಸುರಕ್ಷತೆಯ ಎಫ್‌ಟಿಪಿಎಂ ಭಾಗ, ಕಂಪ್ಯೂಟರನ್ನು ಶುರು ಮಾಡುವ ಬಯಾಸ್ ಇರುವ ಚಿಪ್ಪಿನ ಜೊತೆ ವ್ಯವಹರಿಸುವಾಗ ಇಡೀ ಯಂತ್ರ ಕ್ಷಣಕಾಲ ತಡೆಯುತ್ತಿತ್ತು. ಬಯಾಸ್ ಅಪ್‌ಡೇಟಿನಿಂದ ಅದು ಸರಿಹೋಯಿತು. ನಮ್ಮದು ಬೇರೆ ಪ್ರೊಸೆಸರ್, ಆ ಕಥೆ ನಮಗಲ್ಲ. ಆದರೆ ಗ್ರಾಫಿಕ್ಸಿನ ಹೊರಗೆ ಹುಡುಕಬೇಕು ಅನ್ನುವ ದಾರಿ ಅದೇ.

ಲೇಟೆನ್ಸಿಮಾನ್ ಅಂತ ಇನ್ನೊಂದು ಸಾಫ್ಟ್‌ವೇರ್ ಇದೆ. ಯಾವ ಡ್ರೈವರ್ ಪ್ರೊಸೆಸರನ್ನು ಎಷ್ಟು ಹೊತ್ತು ಹಿಡಿದಿಟ್ಟುಕೊಂಡಿತು ಅಂತ ಅಳೆಯುತ್ತದೆ. ಡ್ರೈವರುಗಳು ತುರ್ತು ಕೆಲಸಕ್ಕೆ ಬಂದಾಗ ಮಾಮೂಲಿ ಪ್ರೋಗ್ರಾಮ್‌ಗಳೆಲ್ಲ ಪಕ್ಕಕ್ಕೆ ಸರಿಯಬೇಕು. ಚಿಟಿಕೆ ಹೊಡೆಯುವುದರ ಎಷ್ಟೋ ಮೊದಲೇ ಆ ಕೆಲಸ ಮುಗಿಸಿ ಹೋಗಬೇಕು ಅನ್ನುವುದು ನಿಯಮ. ಕಿರಾಣಿ ಅಂಗಡಿಯಲ್ಲಿ ಒಬ್ಬ "ಒಂದೇ ನಿಮಿಷ ರೀ" ಅಂತ ಸಾಲಿನ ಮುಂದೆ ನುಗ್ಗಿ, ಆಮೇಲೆ ನಿಧಾನಕ್ಕೆ ಚಿಲ್ಲರೆ ಎಣಿಸುತ್ತಾ ನಿಂತರೆ ಹೇಗಿರುತ್ತದೆ? ಹಿಂದೆ ನಿಂತವರು ಎಷ್ಟು ಚುರುಕಾಗಿದ್ದರೇನು ಬಂತು. ನಮ್ಮ ಗ್ರಾಫಿಕ್ಸ್ ಕಾರ್ಡ್ ಹಿಂದೆ ನಿಂತವನು.

ಓಡಲು ಬಿಟ್ಟು ನೋಡುತ್ತಾ ಕೂತೆವು. ಸ್ವಲ್ಪ ಹೊತ್ತು ಹಸಿರು ಪಟ್ಟಿ. ಆಮೇಲೆ ಕೆಂಪಾಯಿತು. ಅದೇ ಕ್ಷಣಕ್ಕೆ ಹಾಡು ಕರ್ ಅಂದಿತು. ಪಟ್ಟಿಯ ಮೇಲಿನ ಹೆಸರು ಎನ್‌ಡಿಐಎಸ್, ಅಂದರೆ ವಿಂಡೋಸಿನ ನೆಟ್‌ವರ್ಕ್ ಭಾಗ. ಅದರ ಕೆಳಗೆ ಡಾಂಗಲಿನ ಡ್ರೈವರ್. ಗ್ರಾಫಿಕ್ಸ್ ಡ್ರೈವರ್ ಎಲ್ಲೋ ಕೆಳಗೆ ಪಾಪದ ಹಾಗೆ ಕೂತಿತ್ತು. ವೈಫೈ ಆಗಾಗ ಸುತ್ತಮುತ್ತ ಇನ್ಯಾವ ನೆಟ್‌ವರ್ಕ್ ಇದೆ ಅಂತ ಹುಡುಕುತ್ತಿರುತ್ತದೆ. ಒಳ್ಳೆಯ ಡ್ರೈವರ್ ಆದರೆ ಅದು ನಡೆದದ್ದೇ ಗೊತ್ತಾಗುವುದಿಲ್ಲ. ಇದಕ್ಕೆ ಅಷ್ಟು ಸೌಜನ್ಯ ಇರಲಿಲ್ಲ. ಡಾಂಗಲ್ ಕಿತ್ತರೆ ಹಸಿರು, ಚುಚ್ಚಿದರೆ ಕೆಂಪು. ತಮ್ಮ ನಂಬಲಾರದೆ ಕಿತ್ತು, ಚುಚ್ಚಿ, ಮತ್ತೆ ಕಿತ್ತು ನೋಡುತ್ತಿದ್ದ.

ಹಾಗಂತ ಹಳೇ ಡ್ರೈವರ್ ಹಾಕಿದ್ದು ದಂಡವಾಗಲಿಲ್ಲ. ಆ ಕಪ್ಪು ಪರದೆ ಅದರಿಂದಲೇ ನಿಂತಿತು. 4101 ಆಮೇಲೆ ಕಾಣಿಸಿಕೊಂಡಿಲ್ಲ. ಒಂದೇ ಹೊತ್ತಿಗೆ ಎರಡು ಬೇರೆ ಬೇರೆ ರೋಗ ಬಂದಿದ್ದವು. ನಾವೆಲ್ಲ ಸೇರಿ ಎರಡಕ್ಕೂ ಒಂದೇ ಹೆಸರಿಟ್ಟಿದ್ದೆವು.

ಡಾಂಗಲಿಗೆ ಬೇರೆ ಡ್ರೈವರ್ ಸಿಗುತ್ತದೇನೋ ಅಂತ ಹುಡುಕಿದೆ. ಸಿಕ್ಕಿದ್ದು ಹಾಕಿದರೆ ಮೊಳೆ ಸ್ವಲ್ಪ ಗಿಡ್ಡವಾಯಿತು, ಹೋಗಲಿಲ್ಲ. ಕೊನೆಗೆ ಲ್ಯಾನ್ ಕೇಬಲ್ ಎಳೆಯುವುದೇ ಸರಿ ಅಂದೆ. ರೌಟರ್ ಪಡಸಾಲೆಯಲ್ಲಿ, ಕಂಪ್ಯೂಟರ್ ಒಳಗಿನ ಕೋಣೆಯಲ್ಲಿ. ನಡುವೆ ದಪ್ಪ ಗೋಡೆ, ಗೋಡೆಯ ಮುಂದೆ ಅವ್ವ. "ಗ್ವಾಡಿಗೆ ತೂತು ಗೀತು ಹೊಡದ್ರ ನೋಡ್ರಿ ಮತ್ತ." ದೀಪಾವಳಿಗೆ ಬಣ್ಣ ಹೊಡೆಸಿದ್ದು, ಅವರ ಮಾತಿನಲ್ಲೂ ತಪ್ಪಿಲ್ಲ. ಬಾಗಿಲ ಮೇಲಿನ ಗವಾಕ್ಷಿಯಿಂದ ತೂರಿಸಿ, ಚೌಕಟ್ಟಿನ ಅಂಚಿಗೆ ಕ್ಲಿಪ್ ಹೊಡೆದು ಇಳಿಸಿದೆವು. ಕೇಬಲ್ಲಿನ ತುದಿಗೆ ಪಿನ್ ಹಾಕಿಸಲು ಸ್ಟೇಷನ್ ರೋಡಿಗೆ ಹೋಗಿಬರುವುದರಲ್ಲಿ ತಮ್ಮನ ಬೈಕಿನ ಸೀಟು ಹೆಂಚಾಗಿತ್ತು.

ಈಗ ಗೆರೆ ಸಪಾಟು. ಹೆಡ್‌ಫೋನೂ ಸರಿಹೋಯಿತು. ಹೊಸದು ಕೊಳ್ಳಲು ಅವನು ಕೂಡಿಟ್ಟಿದ್ದ ದುಡ್ಡು ಉಳಿಯಿತು. ಗೇಮಿನಲ್ಲಿ ಹೊಸ ಊರಿಗೆ ಹೋದಾಗ ಒಂದು ಸಣ್ಣ ತಡೆ ಇನ್ನೂ ಇದೆ. ಅದು ಗೇಮ್ ಹಳೇ ಹಾರ್ಡ್ ಡಿಸ್ಕಿನಲ್ಲಿರುವುದರಿಂದ. ಅದಕ್ಕಿಂತ ಚುರುಕಾದ ಎಸ್‌ಎಸ್‌ಡಿ ಡಿಸ್ಕ್ ಕೊಡಿಸು ಅಂತ ತಮ್ಮ ಬೆನ್ನು ಬಿದ್ದಿದ್ದಾನೆ. ಉಳಿದ ದುಡ್ಡಿನಲ್ಲಿ ನೀನೇ ತಗೋ ಅಂದಿದ್ದೇನೆ. ಅದಕ್ಕೆ ಮಾತ್ರ ಇನ್ನೂ ಉತ್ತರ ಬಂದಿಲ್ಲ.